ಹಿಂದಿನ ಚಕ್ರ

ಎದುರಿಗಿರುವ ದೋಷವನ್ನು ಎಲ್ಲರೂ ಕಾಣುವರು. ಮರೆಯಲ್ಲಿ ಬೆಳೆಯುವ ದೋಷವನ್ನು ಕಾಣುವವರು ವಿರಳ. ಮೋಟಾರು ಗಾಡಿಯ ಮುಂದಿನ ಚಕ್ರಗಳು ಓರೆಯಾದರೆ ಸ್ಟಿಯರಿಂಗನ್ನು ಹಿಡಿದ ಕೈಗೆ ಆ ಸಂಗತಿಯು ಬೇಗನೆ ತಿಳಿದುಬರುವುದು. ಗಾಡಿಯು ಒಂದು ಪಕ್ಕಕ್ಕೆ ಎಳೆಯಲಾರಂಭಿಸುವುದು. ಹಿಂದಿನ ಚಕ್ರಗಳಾದರೋ ಮೂಕಬಸವನಂತೆ ಹಿಂಬಾಲಿಸುತ್ತ, ಯಾರಿಗೂ ಕಾಣದ ಒಳಅಂಚಿನಲ್ಲಿ ಸವೆಯುತ್ತ ಹೋಗುವುದುಂಟು. ಈ ಮಾತಿಗೆ ನಿದರ್ಶನವಾಗಿ ಮಲೆನಾಡಿನ ಗೃಹಸ್ಥರೊಬ್ಬರ ಅನುಭವವನ್ನು ವಾಚಕರ ಮುಂದಿಡುವುದು ಅನುಚಿತವಾಗಲಾರದು.

ತೀರ್ಥಹಳ್ಳಿಯ ಸಮೀಪದ ಗ್ರಾಮವೊಂದರಲ್ಲಿ ಅಡಕೆಯ ತೋಟವನ್ನು ನೋಡಿಕೊಂಡಿರುವ ಈ ಮಹನೀಯರ ಪತ್ನಿಗೆ 2022ರಲ್ಲಿ ಮೂತ್ರಪಿಂಡಗಳ ಶಕ್ತಿಯು ಕುಂದಿತು. ವಾರಕ್ಕೆರಡು ಸಲ ಶಿವಮೊಗ್ಗೆಗೆ ಹೋಗಿ ಡಯಾಲಿಸಿಸ್ ಮಾಡಿಸಿಕೊಳ್ಳುವುದು ಅನಿವಾರ್ಯವಾಯಿತು. ಹೋಗುವುದಕ್ಕೆ 60 ಕಿಲೋಮೀಟರು, ಬರುವುದಕ್ಕೆ 60. ಚಿಕಿತ್ಸೆಯಾದ ಬಳಿಕ ಬಳಲಿದ ದೇಹವನ್ನು ಬಸ್ಸಿನ ನೂಕುನುಗ್ಗಲಿಗೆ ಒಡ್ಡುವುದು ಸಾಧ್ಯವಿರಲಿಲ್ಲ. ಆದುದರಿಂದ ಅವರು ಸಾಲಮಾಡಿ ಒಂದು ಸಣ್ಣ ಹೊಸ ಕಾರನ್ನು ಕೊಂಡರು. ವರ್ಷ ತುಂಬುವುದರೊಳಗೆ ಅದು 12,000 ಕಿಲೋಮೀಟರು ಓಡಿತ್ತು.

2023ರ ಜುಲೈ ತಿಂಗಳ ಒಂದು ದಿನ, ಜಡಿಮಳೆಯಲ್ಲಿ ಹಿಂತಿರುಗುತ್ತಿರುವಾಗ ಹಿಂದಿನ ಟೈರೊಂದರ ಗಾಳಿ ಇಳಿದುದರಿಂದ ದಾರಿಯ ಪಕ್ಕದ ಪಂಕ್ಚರ್ ಅಂಗಡಿಯಲ್ಲಿ ನಿಲ್ಲಬೇಕಾಯಿತು. ಅಲ್ಲಿಯ ಹುಡುಗನು ಚಕ್ರವನ್ನು ಕಳಚಿ, ಒಳಅಂಚಿನ ಮೇಲೆ ಬೆರಳಾಡಿಸಿ, “ಇಲ್ಲಿ ನೋಡಿ ಅಯ್ಯಾ, ತಂತಿ ಕಾಣ್ತಾ ಇದೆ” ಎಂದನು. ಹೊರಗಡೆಯ ಅಂಚಿನಲ್ಲಿ ಗೀರುಗಳು ಇನ್ನೂ ಆಳವಾಗಿದ್ದುವು. ಒಳಗಡೆ ರಬ್ಬರೆಲ್ಲ ಸವೆದು ಉಕ್ಕಿನ ಎಳೆಗಳು ಹೊರಬಿದ್ದಿದ್ದುವು. ಇನ್ನೊಂದು ಚಕ್ರವನ್ನು ಕಳಚಿದಾಗ ಅದರ ಸ್ಥಿತಿಯೂ ಹೆಚ್ಚು ಕಡಮೆ ಹಾಗೆಯೇ ಇದ್ದಿತು. ಹಿಂದಿನ ಸೀಟಿನಲ್ಲಿ ಕಣ್ಣುಮುಚ್ಚಿ ಒರಗಿದ್ದ ಪತ್ನಿಯನ್ನು ಒಮ್ಮೆ ನೋಡಿ ಅವರು ಮಾತಿಲ್ಲದೆ ನಿಂತರು. ಅಂತಹ ಟೈರುಗಳ ಮೇಲೆ ಆಕೆಯನ್ನು ಎಷ್ಟು ವಾರಗಳಿಂದ ಕರೆದೊಯ್ದಿದ್ದರೋ!

ಮರುದಿನವೇ ಅವರು ಗಾಡಿಯನ್ನು ಮಾರಿದ ಡೀಲರರ ಬಳಿಗೆ ಹೋದರು. ಸರ್ವೀಸ್ ವಿಭಾಗದ ತರುಣನು ವಿನಯವಾಗಿಯೇ ಮಾತನಾಡಿದನು. “ನಮ್ಮ ರಸ್ತೆಗಳೇ ಹಾಗಿವೆ ಸಾರ್. ಟೈರಿನ ವಾರಂಟಿ ನಮ್ಮದಲ್ಲ, ಟೈರು ಕಂಪನಿಯದು” ಎಂದನು. ಟೈರು ಕಂಪನಿಯ ಪ್ರತಿನಿಧಿಯು ಪರೀಕ್ಷಿಸಿ, ಟೈರಿನ ತಯಾರಿಕೆಯಲ್ಲಿ ದೋಷವಿಲ್ಲ, ಚಕ್ರಗಳ ಜೋಡಣೆಯಲ್ಲಿದೆ, ಡೀಲರರನ್ನೇ ಕೇಳಬೇಕು ಎಂದನು. ಮತ್ತೆ ಡೀಲರರಲ್ಲಿಗೆ ಬಂದರೆ, “ಈ ಗಾಡಿಗೆ ಹಿಂದಿನ ಚಕ್ರಗಳ ಅಲೈನ್‌ಮೆಂಟೇ ಇಲ್ಲ ಸಾರ್” ಎಂಬ ಉತ್ತರ ದೊರೆಯಿತು. ದೂರವಾಣಿಯಲ್ಲಿ ಕೇಳಿದಾಗಲೆಲ್ಲ “ಮೇಲಿನವರಿಗೆ ತಿಳಿಸಿದ್ದೇವೆ” ಎಂಬುದೊಂದೇ ಮಾತು. ಅಷ್ಟರಲ್ಲಿ ಸ್ವಂತ ಹಣದಿಂದ ಎರಡು ಹೊಸ ಟೈರುಗಳನ್ನು ಹಾಕಿಸಿಯಾಗಿತ್ತು. ಎರಡು ತಿಂಗಳಲ್ಲಿ ಅವುಗಳ ಒಳಅಂಚೂ ಬೆರಳಿಗೆ ಗರಗಸದಂತೆ ತಾಗಲಾರಂಭಿಸಿತು.

ನಮ್ಮ ಪೂರ್ವಿಕರು ರಥದ ಅವಯವಗಳನ್ನು ಎಷ್ಟು ಬಿಡಿಬಿಡಿಯಾಗಿ ಗುರುತಿಸಿದ್ದರೆಂಬುದನ್ನು ಅಮರಕೋಶದ ಕ್ಷತ್ರಿಯವರ್ಗದಲ್ಲಿ ನೋಡಬಹುದು. ಚಕ್ರದ ಅಂಚಿಗೆ ನೇಮಿ, ನಡುವಿಗೆ ನಾಭಿ, ಅಚ್ಚಿನ ತುದಿಯ ಕಡಾಣಿಗೆ ಆಣಿ ಎಂದು ಒಂದೊಂದಕ್ಕೂ ಬೇರೆ ಬೇರೆ ಹೆಸರು. ಹೆಸರಿದ್ದೆಡೆಯಲ್ಲಿ ದೋಷವು ಇಂತಹ ಸ್ಥಳದ್ದೆಂದು ಹೇಳಬಹುದು. ಟೈರಿನ ಸವೆತಕ್ಕೂ ಇಂತಹ ಲಕ್ಷಣಶಾಸ್ತ್ರವೊಂದುಂಟು. ಗಾಳಿ ಕಡಮೆಯಾದರೆ ಎರಡು ಅಂಚುಗಳೂ ಸವೆಯುವುವು. ಹೆಚ್ಚಾದರೆ ನಡುಭಾಗವು ಸವೆಯುವುದು. ಶಾಕ್ ಅಬ್ಸಾರ್ಬರು ಸೋತರೆ ಅಲ್ಲಲ್ಲಿ ತಗ್ಗುಗಳು ಬೀಳುವುವು. ಚಕ್ರದ ತಲೆಯು ಒಳಕ್ಕೆ ಅತಿಯಾಗಿ ವಾಲಿದ್ದರೆ ಒಳಅಂಚು ನುಣುಪಾಗಿ ಸವೆಯುವುದು. ಇದಕ್ಕೆ ಕ್ಯಾಂಬರ್ ದೋಷವೆಂದು ಹೆಸರು. ಚಕ್ರಗಳ ಮುಂಭಾಗವು ಹೊರಮುಖವಾಗಿ ತಿರುಗಿದ್ದರೆ ಒಳಅಂಚು ಗರಗಸದ ಹಲ್ಲಿನಂತೆ ಸವೆಯುವುದು. ಇದು ಟೋ ದೋಷ. ರಸ್ತೆಯನ್ನು ದೂರುವವನು ಈ ಐದನ್ನೂ ಒಂದೇ ಮಾತಿನಲ್ಲಿ ಮುಚ್ಚಿಬಿಡುತ್ತಾನೆ.

ಗೃಹಸ್ಥರಿಗೆ ದಾರಿಯನ್ನು ತೋರಿಸಿದವರು ಅವರ ಪತ್ನಿಯೇ. ಡಯಾಲಿಸಿಸ್ ಕೇಂದ್ರದಲ್ಲಿ ಪ್ರತಿಸಲವೂ ಚಿಕಿತ್ಸೆಗೆ ಮುಂಚೆ ಒಮ್ಮೆ, ಅನಂತರ ಒಮ್ಮೆ ತೂಕವನ್ನೂ ರಕ್ತದೊತ್ತಡವನ್ನೂ ಒಂದು ಪುಸ್ತಕದಲ್ಲಿ ಬರೆಯುವುದು ವಾಡಿಕೆ. ಒಂದು ರಾತ್ರಿ ಪತಿಯು ಡೀಲರರನ್ನು ಶಪಿಸುತ್ತ ಕುಳಿತಿರುವಾಗ ಆಕೆಯು ಆ ಪುಸ್ತಕವನ್ನು ಮುಂದಿಟ್ಟು, “ನೋಡಿ, ‘ಸುಸ್ತು’ ಅಂತ ನಾನು ಹೇಳಿದರೆ ಡಾಕ್ಟರು ಸುಮ್ಮನೆ ತಲೆ ಆಡಿಸುತ್ತಾರೆ. ಈ ಅಂಕಿ ತೋರಿಸಿದರೆ ಔಷಧ ಬದಲಾಯಿಸುತ್ತಾರೆ. ನೀವು ಗಾಡಿಯನ್ನು ಅಳೆಸಿದ್ದೀರಾ?” ಎಂದು ಕೇಳಿದರು. ಪತಿಯ ಬಳಿ ಉತ್ತರವಿರಲಿಲ್ಲ.

ಮರುವಾರ ಆಕೆಯ ಚಿಕಿತ್ಸೆ ನಡೆಯುತ್ತಿರುವಾಗಲೇ ಅವರು ನಗರದ ಬೇರೊಂದು ಅಂಗಡಿಯಲ್ಲಿ ನಾಲ್ಕು ಚಕ್ರಗಳನ್ನೂ ಯಂತ್ರದಿಂದ ಅಳೆಸಿ, ಅಚ್ಚಾದ ಹಾಳೆಯನ್ನು ಪಡೆದರು. ಹಿಂದಿನ ಚಕ್ರಗಳು ತುಸು ಒಳಮುಖವಾಗಿರಬೇಕಾದುದಕ್ಕೆ ಬದಲಾಗಿ ಒಂದೊಂದೂ 15 ಕಲೆಗಳಷ್ಟು, ಎಂದರೆ ಕಾಲು ಅಂಶದಷ್ಟು, ಹೊರಮುಖವಾಗಿದ್ದುವು. ಕಾಲು ಅಂಶವು ಕಣ್ಣಿಗೆ ಕಾಣುವಷ್ಟಲ್ಲ. ಆದರೆ ಲೆಕ್ಕ ಹಾಕಿದರೆ, ಅಷ್ಟು ಓರೆಯಾದ ಚಕ್ರವು ಕಿಲೋಮೀಟರಿಗೆ 4 ಮೀಟರಿಗೂ ಹೆಚ್ಚು ದೂರ ಅಡ್ಡಡ್ಡಲಾಗಿ ಉಜ್ಜಲ್ಪಡುವುದು. 12,000 ಕಿಲೋಮೀಟರಿಗೆ ಆ ಉಜ್ಜಾಟವು 50 ಕಿಲೋಮೀಟರನ್ನು ಮೀರುವುದು. ಎಂದರೆ ಮನೆಯಿಂದ ಆಸ್ಪತ್ರೆಗೆ ಇರುವ ದಾರಿಯ ಬಹುಭಾಗವನ್ನು ಆ ಟೈರುಗಳು ಉರುಳದೆ, ಅಡ್ಡವಾಗಿ ಎಳೆಯಲ್ಪಟ್ಟು ಸವೆಸಿದಂತಾಯಿತು!

ಅನೇಕ ಸಣ್ಣ ಕಾರುಗಳಲ್ಲಿರುವಂತೆ ಈ ಗಾಡಿಯಲ್ಲಿಯೂ ಹಿಂದಿನ ಎರಡು ಚಕ್ರಗಳನ್ನು ಒಂದೇ ಉಕ್ಕಿನ ತೊಲೆಗೆ ಬಿಗಿದಿತ್ತು. ಅದರಲ್ಲಿ ತಿರುಪನ್ನು ತಿರುಗಿಸಿ ಕೋನವನ್ನು ಸರಿಪಡಿಸುವ ಅನುಕೂಲವಿಲ್ಲ. ಅಷ್ಟರಮಟ್ಟಿಗೆ ಡೀಲರರ ಮಾತು ಸುಳ್ಳಲ್ಲ. ಆದರೆ ತಿರುಗಿಸಲಾಗದು ಎಂಬುದು ಬೇರೆ, ಅಳೆಯಲಾಗದು ಎಂಬುದು ಬೇರೆ. ತಿರುಗಿಸಲಾಗದ ತೊಲೆಯು ಮಿತಿಯನ್ನು ಮೀರಿ ನಿಂತಿದೆಯೆಂದರೆ ಅದು ಬಾಗಿರಬೇಕು, ಇಲ್ಲವೇ ಅದರ ಬುಷ್‌ಗಳಲ್ಲಿಯೋ ಚಕ್ರದ ಬೇರಿಂಗಿನಲ್ಲಿಯೋ ದೋಷವಿರಬೇಕು. ಅದನ್ನು ಹುಡುಕಬೇಕಾದುದು ಮಾರಿದವರ ಕರ್ತವ್ಯ.

ಆಮೇಲೆ ಅವರು ಒಂದು ಪತ್ರವನ್ನು ಬರೆದರು. ಅದರಲ್ಲಿ ನಿಂದೆಯ ಮಾತೊಂದೂ ಇರಲಿಲ್ಲ. ಗಾಡಿಯ ಚಾಸಿ ಸಂಖ್ಯೆ, ಕೊಂಡ ದಿನ, ಓಡಿದ ದೂರ, ಸರ್ವೀಸ್ ಮಾಡಿಸಿದ ದಿನಗಳು. ಒಂದೊಂದು ಟೈರಿನ ಒಳಅಂಚು, ನಡು, ಹೊರಅಂಚುಗಳಲ್ಲಿ ಗೀರಿನ ಆಳ. ಟೈರನ್ನು ಬದಲಾಯಿಸಬೇಕೆಂಬ ಗುರುತು 1.6 ಮಿಲಿಮೀಟರಿನದೆಂಬ ಜ್ಞಾಪನೆ. ಯಂತ್ರದ ಹಾಳೆಯ ಪ್ರತಿ. ಕೊನೆಯಲ್ಲಿ ಎರಡೇ ಪ್ರಶ್ನೆಗಳು: ಈ ಗಾಡಿಯ ಹಿಂದಿನ ಚಕ್ರಗಳಿಗೆ ತಯಾರಕರು ಗೊತ್ತುಮಾಡಿದ ಮಿತಿಯೆಷ್ಟು? ಈ ಅಳತೆಯು ಆ ಮಿತಿಯೊಳಗಿದೆಯೆಂದು ಬರೆದುಕೊಡಲು ಸಿದ್ಧರಿದ್ದೀರಾ? ಹದಿನೈದು ದಿನಗಳಲ್ಲಿ ಉತ್ತರ ಬಾರದಿದ್ದರೆ 1915ರ ಗ್ರಾಹಕ ಸಹಾಯವಾಣಿಯಲ್ಲಿ ದೂರನ್ನು ದಾಖಲಿಸಿ, 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ ಜಿಲ್ಲಾ ಆಯೋಗದ ಮುಂದೆ ಹೋಗುವುದಾಗಿ ಒಂದು ವಾಕ್ಯ. ಪತ್ರದ ಒಂದು ಪ್ರತಿ ಡೀಲರರಿಗೆ, ಇನ್ನೊಂದು ತಯಾರಕರಿಗೆ. ಎರಡೂ ಸ್ಪೀಡ್ ಪೋಸ್ಟಿನಲ್ಲಿ ಹೋದುವು.

ಒಂಬತ್ತನೆಯ ದಿನ ತಯಾರಕರ ಎಂಜಿನಿಯರೊಬ್ಬನು ಬಂದು ಗಾಡಿಯನ್ನು ಲಿಫ್ಟಿಗೆ ಏರಿಸಿದನು. ಅವನು ಅಳೆದಾಗಲೂ ಅದೇ ಅಂಕಿ ಬಂದಿತು. ತೊಲೆಯು ಬಾಗಿದ್ದಿತು. ಕೆಳಗೆ ಪೆಟ್ಟಿನ ಗುರುತಾವುದೂ ಇರಲಿಲ್ಲವಾದುದರಿಂದ ವಾರಂಟಿಯಲ್ಲಿಯೇ ಹೊಸ ತೊಲೆಯನ್ನು ಹಾಕಿಕೊಟ್ಟರು. ಟೈರುಗಳ ಬೆಲೆಯಲ್ಲಿ ಅರ್ಧವನ್ನು ಮಾತ್ರ ಕೊಡಲೊಪ್ಪಿದರು. ಉಳಿದರ್ಧಕ್ಕಾಗಿ ಆಯೋಗಕ್ಕೆ ಹೋಗಬಹುದಾಗಿತ್ತು. ವಾರದಲ್ಲಿ ಎರಡು ದಿನಗಳನ್ನು ಆಸ್ಪತ್ರೆಗೆ ಮೀಸಲಿಟ್ಟವರಿಗೆ ಮೂರನೆಯದನ್ನು ಅಲೆದಾಟಕ್ಕೆ ಕೊಡುವ ಮನಸ್ಸಾಗಲಿಲ್ಲ. ಆ ನಷ್ಟವನ್ನು ಅವರು ನಷ್ಟವೆಂದೇ ಬರೆದಿಟ್ಟಿದ್ದಾರೆ.

ಪಂಕ್ಚರ್ ಅಂಗಡಿಯ ಹುಡುಗನು ಬೆರಳಾಡಿಸಿ ಕಂಡುದನ್ನು ದೊಡ್ಡ ಸಂಸ್ಥೆಯು ಒಪ್ಪಿಕೊಳ್ಳುವುದಕ್ಕೆ ಮೂರು ತಿಂಗಳುಗಳೂ ಒಂದು ಹಾಳೆಯೂ ಬೇಕಾದುವು. ದುಃಖವನ್ನು ಹೇಳಿಕೊಂಡವನಿಗೆ ಸಮಾಧಾನದ ಮಾತು ದೊರೆಯುವುದು. ಅಳತೆಯನ್ನು ಮುಂದಿಟ್ಟವನಿಗೆ ಮಾತ್ರ ಉತ್ತರ ದೊರೆಯುವುದು. ಈಗಲೂ ಆ ದಂಪತಿಗಳು ವಾರಕ್ಕೆರಡು ಸಲ ಶಿವಮೊಗ್ಗೆಗೆ ಹೋಗಿಬರುತ್ತಾರೆ. ತಿಂಗಳ ಮೊದಲ ಪ್ರಯಾಣದ ಮುನ್ನ ಯಜಮಾನರು ಅಂಗಳದಲ್ಲಿ ಮಂಡಿಯೂರಿ, ಹಿಂದಿನ ಚಕ್ರಗಳ ಒಳಅಂಚಿನಲ್ಲಿ ಬೆರಳಾಡಿಸಿ, ಗೀರಿನ ಆಳವನ್ನು ಅಳೆಯುತ್ತಾರೆ. ಜಗಲಿಯಲ್ಲಿ ಕುಳಿತ ಪತ್ನಿಯು ಅವರು ಹೇಳಿದ ಅಂಕಿಯನ್ನು ತನ್ನ ತೂಕದ ಪುಸ್ತಕದ ಕೊನೆಯ ಪುಟಗಳಲ್ಲಿ ಬರೆದುಕೊಳ್ಳುತ್ತಾರೆ.