ನೈಟ್ ಶಿಫ್ಟ್ ಮನೆಗೆ ಎಷ್ಟು ವ್ಯಾಟ್?

ನಮ್ಮ ಸೀಮೆಯಲ್ಲಿ ವ್ಯಾಟ್ ಅಂದರೆ ಮರ್ಯಾದೆಯ ಪ್ರಶ್ನೆ. ಸೇಡಂನಲ್ಲಿ ಮದುವೆ ಮೆರವಣಿಗೆ ಹೊರಡಲಿ, ಚಿಂಚೋಳಿಯಲ್ಲಿ ಗಣಪತಿ ಕೂಡಿಸಲಿ, ಚಿತ್ತಾಪುರದ ಕಡೆ ಯಾವುದೋ ಹಳ್ಳಿಯ ಜಾತ್ರೆ ಇರಲಿ, ಊಟದ ಮಾತಿಗಿಂತ ಮೊದಲು ಬರೋ ಮಾತು "ಸೌಂಡ್ ಯಾರದು? ಎಷ್ಟು ಬಾಕ್ಸ್?" ಅನ್ನೋದು. ಟ್ರ್ಯಾಕ್ಟರ್ ಮೇಲೆ ಬಾಕ್ಸ್ ಪೇರಿಸಿಕೊಂಡು ಬರೋ ಹುಡುಗ ತನ್ನ ಆಂಪ್ಲಿಫೈಯರಿನ ವ್ಯಾಟ್ ಹೇಳುವಾಗ ಅವನ ಮುಖ ನೋಡಬೇಕು. ಹೊಲ ಎಷ್ಟು ಎಕರೆ ಅಂತ ಹೇಳಿದ ಹಾಗೆ ಹೇಳ್ತಾನೆ.

ಇಂಥ ಕಡೆ ಬೆಳೆದ ಹುಡುಗ ಎಲೆಕ್ಟ್ರಿಕ್ ಗಿಟಾರ್ ತಗೊಂಡರೆ ಆಂಪ್ ಬಗ್ಗೆ ಏನು ಕೇಳ್ತಾನೆ ಅಂತ ನೀವೇ ಊಹಿಸಬಹುದು. ನನ್ನ ಕಾಕಾನ ಮಗ ವಾಡಿಯಲ್ಲಿದ್ದಾನೆ. ಹೈದರಾಬಾದಿನ ಒಂದು ಕಂಪನಿಗೆ ಮನೆಯಿಂದಲೇ ಕೆಲಸ, ಸಂಜೆ ನಾಲ್ಕರಿಂದ ರಾತ್ರಿ ಹನ್ನೆರಡರವರೆಗೆ. ಗಿಟಾರ್ ಬಂದ ವಾರಕ್ಕೇ ನನಗೆ ಫೋನ್ ಮಾಡಿದ.

"ಅಣ್ಣಾ, ಐವತ್ತ್ ವ್ಯಾಟಿಂದ್ ತೊಗೊಳ್ಲೋ, ನೂರ್ ವ್ಯಾಟಿಂದ್ ತೊಗೊಳ್ಲೋ? ರೊಕ್ಕದಾಗ ಭಾಳ ಫರಕ್ ಇಲ್ಲ."

"ಮನ್ಯಾಗ ಬಾರಸ್ಲಕ್ಕೋ, ಸ್ಟೇಜ್ ಮ್ಯಾಲೋ?"

"ಸದ್ಯ ಮನ್ಯಾಗೇ. ಆದ್ರ ನಾಳಿ ಗಣಪತಿ ಮುಂದ ಬಾರಸ್ಬೇಕಂದ್ರ ಆವಾಜ್ ಬೇಕಲ್ಲ ಅಣ್ಣಾ."

"ಕಾಕಾಂದು ಈ ವಾರ ಯಾವ ಶಿಫ್ಟ್?"

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಮೆಲ್ಲಗೆ, "ನೈಟ್" ಅಂದ.

ಕಾಕಾ ಸಿಮೆಂಟ್ ಫ್ಯಾಕ್ಟರಿಯಲ್ಲಿದ್ದಾರೆ. ಸಿಮೆಂಟ್ ಕಿಲ್ನ್ ಒಳಗೆ ಕಲ್ಲು ಸುಮಾರು 1450 ಡಿಗ್ರಿ ಸೆಲ್ಸಿಯಸ್ ತನಕ ಕಾಯುತ್ತೆ. ರಾತ್ರಿ ಆರಿಸಿ ಬೆಳಗ್ಗೆ ಹೊತ್ತಿಸುವ ಒಲೆ ಅಲ್ಲ ಅದು. ಅದಕ್ಕೇ ಮೂರು ಪಾಳಿ, ಹಗಲು ರಾತ್ರಿ ಕೆಲಸ. ನೈಟ್ ಇದ್ದ ವಾರ ಕಾಕಾ ಬೆಳಗ್ಗೆ ಮನೆಗೆ ಬಂದು, ಸ್ನಾನ ಮಾಡಿ, ರೊಟ್ಟಿ ತಿಂದು, ಎಂಟಕ್ಕೆ ಮಲಗಿದರೆ ಏಳೋದು ಮಧ್ಯಾಹ್ನ ಎರಡಕ್ಕೆ. ತಮ್ಮನಿಗೆ ಗಿಟಾರ್ ಹಿಡಿಯೋಕೆ ಬಿಡುವು ಸಿಗೋದೂ ಬೆಳಗ್ಗೆಯೇ. ಮುಂದಿನ ಕೋಣೆಯಲ್ಲಿ ಮಗ, ಒಳಗಿನ ಕೋಣೆಯಲ್ಲಿ ಅಪ್ಪ, ನಡುವೆ ಒಂದು ಬಾಗಿಲು.

2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ಜನವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬೆಲ್, ರಾತ್ರಿ 45 ಡೆಸಿಬೆಲ್ ಮಿತಿ. ರಾತ್ರಿ ಅಂದರೆ ಹತ್ತರಿಂದ ಬೆಳಗ್ಗೆ ಆರು. ಕಾಕಾನ ರಾತ್ರಿ ಶುರುವಾಗೋದು ಬೆಳಗ್ಗೆ ಎಂಟಕ್ಕೆ. ಆ ರಾತ್ರಿಯನ್ನ ಕಾಯ್ದೆ ಕಾಯಲ್ಲ, ಮನೆಯವರೇ ಕಾಯಬೇಕು. ಹಾಗಾಗಿ ಆಂಪ್ ಎಷ್ಟು ವ್ಯಾಟಿನದು ಅನ್ನೋ ಪ್ರಶ್ನೆಗೆ ಉತ್ತರ ಹುಡುಕೋದು ಗೋಡೆಯ ಆಚೆ ಮಲಗಿದವರಿಂದ ಶುರುವಾಗಬೇಕು ಅಂತ ನನ್ನ ಲೆಕ್ಕ.

ಈಗ ಸ್ವಲ್ಪ ಗಣಿತ. ಹೆದರಬೇಡಿ, ಸುಲಭದ್ದೇ.

ವ್ಯಾಟ್ ಎರಡು ಪಟ್ಟಾದರೆ ಶಬ್ದ ಎರಡು ಪಟ್ಟಾಗಲ್ಲ. 50 ವ್ಯಾಟಿನಿಂದ 100ಕ್ಕೆ ಹೋದರೆ ಏರೋದು ಬರೀ 3 ಡೆಸಿಬೆಲ್. ಗಮನ ಕೊಟ್ಟು ಕೇಳಿದರೆ "ಹಾಂ, ಸ್ವಲ್ಪ ಏರಿದೆ" ಅನ್ನಿಸುತ್ತೆ ಅಷ್ಟೆ. ಕಿವಿಗೆ ಎರಡರಷ್ಟು ಜೋರು ಅನ್ನಿಸಬೇಕಾದರೆ ಸುಮಾರು 10 ಡೆಸಿಬೆಲ್ ಏರಬೇಕು, ಅದಕ್ಕೆ ವ್ಯಾಟ್ ಹತ್ತು ಪಟ್ಟು ಬೇಕು. ಅಂದರೆ 10 ವ್ಯಾಟಿನ ಆಂಪಿಗಿಂತ ಎರಡರಷ್ಟು ಜೋರು ಬೇಕು ಅನ್ನೋನಿಗೆ 20 ಸಾಲದು, 100 ಬೇಕು. ಐವತ್ತೋ ನೂರೋ ಅಂತ ತಮ್ಮ ತಲೆ ಕೆಡಿಸಿಕೊಂಡಿದ್ದು ಆ 3 ಡೆಸಿಬೆಲ್‌ಗೆ.

ಇನ್ನೊಂದು, ಶಬ್ದ ಬರೋದು ಆಂಪಿನಿಂದಲ್ಲ, ಸ್ಪೀಕರಿನಿಂದ. ಒಂದು ವ್ಯಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ ಎಷ್ಟು ಡೆಸಿಬೆಲ್ ಬರುತ್ತೆ ಅಂತ ಪ್ರತಿ ಸ್ಪೀಕರಿಗೂ ಒಂದು ಅಳತೆ ಇದೆ. ಗಿಟಾರಿನವರ ಹಳೇ ಪ್ರೀತಿಯ ಸೆಲೆಶನ್ ಗ್ರೀನ್‌ಬ್ಯಾಕ್ ಅನ್ನೋ 12 ಇಂಚಿನ ಸ್ಪೀಕರಿಗೆ ಅದು 98. ಅದೇ ಕಂಪನಿಯ ವಿಂಟೇಜ್ 30ಗೆ 100. ಮತ್ತೆ ಓದಿ, ಒಂದೇ ಒಂದು ವ್ಯಾಟಿಗೆ 98 ಡೆಸಿಬೆಲ್! ನಮ್ಮ ಫ್ಯಾಕ್ಟರಿ ನಿಯಮಗಳಲ್ಲಿ ಎಂಟು ಗಂಟೆ ಕೆಲಸಕ್ಕೆ ಹಾಕಿರೋ ಮಿತಿ 90. ಇಯರ್ ಪ್ಲಗ್ ಹಾಕಿಕೊಂಡು ಮಿಲ್ ಪಕ್ಕದಲ್ಲಿ ರಾತ್ರಿ ಕಳೆದು ಬಂದ ಮನುಷ್ಯನಿಗೆ ಮನೆಯಲ್ಲಿ ಒಂದು ವ್ಯಾಟ್ ಪೂರ್ತಿ ಬಿಟ್ಟರೂ ಅದು ಇನ್ನೊಂದು ಶಿಫ್ಟೇ.

ಹಾಗಾದರೆ ಮನೆಗೆ ಎಷ್ಟು ಬೇಕು? ಕೂತಲ್ಲಿ ನಿಮಗೆ ಹಿತವಾಗಿ ಕೇಳೋಕೆ 75 ಡೆಸಿಬೆಲ್ ಧಾರಾಳ. ಟಿವಿ ಸ್ವಲ್ಪ ಜೋರಾಗಿ ಇಟ್ಟಷ್ಟು. 98ಕ್ಕಿಂತ ಇದು 23 ಡೆಸಿಬೆಲ್ ಕಡಿಮೆ. ವ್ಯಾಟಿಗೆ ಇಳಿಸಿದರೆ ಒಂದು ವ್ಯಾಟಿನ ಇನ್ನೂರನೇ ಒಂದು ಭಾಗ. 100 ವ್ಯಾಟಿನ ಆಂಪ್ ತಂದು ಹೀಗೆ ನುಡಿಸಿದರೆ ಅದರ ಶಕ್ತಿಯ ಇಪ್ಪತ್ತು ಸಾವಿರದ ಒಂದು ಭಾಗ ಬಳಸಿದ ಹಾಗಾಯಿತು. ಕಾಯಿಪಲ್ಯ ತರೋಕೆ ಲಾರಿ ತಗೊಂಡು ಹೋದ ಹಾಗೆ.

ಈ ಲೆಕ್ಕ ಹೇಳಿದಾಗ ತಮ್ಮ ಕೇಳಿದ್ದು ನ್ಯಾಯವಾದ ಪ್ರಶ್ನೆ. "ಹಂಗಿದ್ರ ಮಂದಿ ನೂರ್ ವ್ಯಾಟಿಂದು ಯಾಕ್ ಮಾಡ್ಯಾರ?"

ಅದಕ್ಕೆ 1965ಕ್ಕೆ ಹೋಗಬೇಕು. ಆ ವರ್ಷದ ಆಗಸ್ಟ್‌ನಲ್ಲಿ ಬೀಟಲ್ಸ್ ನ್ಯೂಯಾರ್ಕಿನ ಶೇ ಸ್ಟೇಡಿಯಂನಲ್ಲಿ ಐವತ್ತೈದು ಸಾವಿರಕ್ಕೂ ಹೆಚ್ಚು ಜನರ ಮುಂದೆ ನುಡಿಸಿದರು. ವಾಕ್ಸ್ ಕಂಪನಿ ಅವರಿಗಾಗಿ 100 ವ್ಯಾಟಿನ ಆಂಪ್ ಮಾಡಿಕೊಟ್ಟಿತ್ತು. ಗಿಟಾರಿಗೆ ಮೈಕ್ ಇಟ್ಟು ಊರಿಗೆಲ್ಲ ಕೇಳಿಸೋ ಈಗಿನಂಥ ಸೌಂಡ್ ಸಿಸ್ಟಂ ಆಗ ಇರಲಿಲ್ಲ. ಜನರ ಕೂಗಾಟದಲ್ಲಿ ಆ 100 ವ್ಯಾಟೂ ಮುಳುಗಿ ಹೋಯಿತು. ಅದೇ ಕಾಲಕ್ಕೆ ಲಂಡನ್ನಿನಲ್ಲಿ ಜಿಮ್ ಮಾರ್ಷಲ್, ದ ಹೂ ತಂಡದವರು ಇನ್ನೂ ಜೋರು ಬೇಕು ಅಂದದ್ದಕ್ಕೆ 100 ವ್ಯಾಟಿನದು ಕಟ್ಟಿದರು. ನೂರು ಅನ್ನೋ ಆ ಸಂಖ್ಯೆ ಹುಟ್ಟಿದ್ದು ಸ್ಟೇಡಿಯಂಗೆ ಮತ್ತು ದೊಡ್ಡ ಸ್ಟೇಜಿಗೆ. ಫೋಟೊಗಳಲ್ಲಿ ನಾವು ನೋಡಿದ್ದು ಅದನ್ನೇ, ಆಸೆ ಪಟ್ಟಿದ್ದೂ ಅದಕ್ಕೇ.

ಇವತ್ತು ಗಣಪತಿ ಮುಂದೆ ನುಡಿಸೋಕೆ ಆ ಗೋಜು ಬೇಕಿಲ್ಲ. ಸಣ್ಣ ಆಂಪನ್ನ ಒಂದು ಸ್ಟೂಲ್ ಮೇಲಿಟ್ಟು, ಅದರ ಮುಂದೆ ಒಂದು ಮೈಕ್ ಇಟ್ಟರೆ ಮುಗೀತು. ಮಿಕ್ಕಿದ್ದನ್ನ ಟ್ರ್ಯಾಕ್ಟರ್ ಮೇಲಿನ ಬಾಕ್ಸ್‌ಗಳು ನೋಡಿಕೊಳ್ಳುತ್ತವೆ. ವ್ಯಾಟ್ ನಮ್ಮ ಊರಲ್ಲಿ ಬಾಡಿಗೆಗೆ ಬೇಕಾದಷ್ಟು ಸಿಗುತ್ತೆ ಮಾರಾಯ, ಅದನ್ನ ಮನೆಗೆ ಯಾಕೆ ತರ್ತೀಯ ಅಂದೆ. ನಕ್ಕ. "ಖರೇ ಅದ" ಅಂದ.

"ದೊಡ್ಡದು ತಗೊಂಡು ಸಣ್ಣದಾಗಿ ಇಟ್ಟುಕೊಂಡರೆ ಆಯ್ತಲ್ಲ" ಅಂತ ನೀವು ಕೇಳಬಹುದು. ಕೆಲವು ಆಂಪ್‌ಗಳಲ್ಲಿ ಆಗುತ್ತೆ. ಬಾಸ್ ಕಟಾನಾ 50ರಲ್ಲಿ ಶಕ್ತಿಯನ್ನ ಅರ್ಧ ವ್ಯಾಟಿಗೆ ಇಳಿಸೋ ಸ್ವಿಚ್ಚೇ ಇದೆ. ಅಂಥದ್ದಿಲ್ಲದ ದೊಡ್ಡ ಆಂಪಿನಲ್ಲಿ ಮನೆಗೆ ಬೇಕಾದ ಶಬ್ದವೆಲ್ಲ ವಾಲ್ಯೂಮ್ ನಾಬಿನ ಸೊನ್ನೆಗೂ ಒಂದಕ್ಕೂ ನಡುವೆ ಸಿಕ್ಕಿಹಾಕಿಕೊಂಡಿರುತ್ತೆ. ಕೂದಲೆಳೆಯಷ್ಟು ತಿರುಗಿಸಿದರೆ ಕೇಳಲ್ಲ, ಇನ್ನೊಂದೆಳೆ ತಿರುಗಿಸಿದರೆ ಮನೆಯೆಲ್ಲ ಏಳುತ್ತೆ. ವಾಲ್ವ್ ಆಂಪ್‌ಗಳದ್ದು ಬೇರೆ ಕಥೆ. ಅವುಗಳ ಆ ಒಡೆದ, ಬೆಚ್ಚಗಿನ ದನಿ ಬರೋದು ವಾಲ್ವ್‌ಗಳನ್ನ ದುಡಿಸಿದಾಗಲೇ. 5 ವ್ಯಾಟಿನ ವಾಲ್ವ್ ಆಂಪ್ ಕಾಗದದ ಮೇಲೆ ಸಣ್ಣದಾಗಿ ಕಾಣುತ್ತೆ, ಒಳ್ಳೆ 12 ಇಂಚಿನ ಸ್ಪೀಕರಿನಲ್ಲಿ ಪೂರ್ತಿ ದುಡಿಸಿದರೆ 105 ಡೆಸಿಬೆಲ್. ಗೋಡೆಗೆ ಗೋಡೆ ಅಂಟಿದ ಮನೆಗಳಲ್ಲಿ ಟ್ರಾನ್ಸಿಸ್ಟರ್ ಅಥವಾ ಡಿಜಿಟಲ್ ಆಂಪ್ ತಗೊಳ್ಳೋದು ಜಾಣತನ. ಬ್ಲ್ಯಾಕ್‌ಸ್ಟಾರ್ ಫ್ಲೈ 3 ಅಂತ 3 ವ್ಯಾಟಿನದು ಬರುತ್ತೆ, ಯಮಾಹಾ ಟಿಎಚ್ಆರ್10 ಅಂತ 10 ವ್ಯಾಟಿನದು ಹಿಂದೆ ಬರ್ತಿತ್ತು. ಈ ಅಳತೆಯದ್ದು ಮನೆಗೆ ಸಾಕು.

ಕಡಿಮೆ ಶಬ್ದದಲ್ಲಿ ನುಡಿಸುವಾಗ ದನಿ ತೆಳ್ಳಗೆ ಅನ್ನಿಸಿದರೆ ಆಂಪನ್ನ ಬೈಯಬೇಡಿ. ಫ್ಲೆಚರ್ ಮತ್ತು ಮನ್ಸನ್ ಅನ್ನೋ ಇಬ್ಬರು 1933ರಲ್ಲೇ ಅಳೆದು ತೋರಿಸಿದ್ದಾರೆ. ಶಬ್ದ ಕಡಿಮೆಯಾದಂತೆ ನಮ್ಮ ಕಿವಿಗೆ ಬಾಸ್ ಮೊದಲು ಮಾಯವಾಗುತ್ತೆ. ಬಾಸ್ ನಾಬ್ ಸ್ವಲ್ಪ ಏರಿಸಿ. ಸ್ಟೇಜಿಗೆ ಹೋದಾಗ ಮತ್ತೆ ಇಳಿಸಿ.

ಇನ್ನು ಕೋಣೆ. ವಾಡಿಯ ಮನೆಯ ನೆಲ, ಅಡುಗೆಕಟ್ಟೆ ಎಲ್ಲ ಶಹಾಬಾದ್ ಕಲ್ಲು. ನಮ್ಮ ಕಡೆ ಫರ್ಸಿ ಅಂತೀವಿ. ಬೆಂಗಳೂರಿನ ಹಳೇ ಮನೆಗಳಲ್ಲೂ ನೀವು ಅದರ ಮೇಲೆ ಓಡಾಡಿರುತ್ತೀರಿ. ಅದು ಸುಣ್ಣಕಲ್ಲಿನ ಜಾತಿ. ಶಹಾಬಾದ್, ವಾಡಿ, ಚಿತ್ತಾಪುರ, ಸೇಡಂ ಸುತ್ತ ನೆಲದಡಿ ಹಾಸಿಕೊಂಡಿರೋ ಸುಣ್ಣಕಲ್ಲೇ ಫ್ಯಾಕ್ಟರಿಗೆ ಹೋದರೆ ಸಿಮೆಂಟ್, ಚಪ್ಪಡಿಯಾಗಿ ಸೀಳಿದರೆ ಮನೆಯ ನೆಲ. ಕಾಕಾನಿಗೆ ನೈಟ್ ಶಿಫ್ಟ್ ಕೊಟ್ಟಿದ್ದೂ ಅದೇ ಕಲ್ಲು, ಗಿಟಾರಿನ ಶಬ್ದವನ್ನ ಕೋಣೆ ತುಂಬ ಕುಣಿಸೋದೂ ಅದೇ ಕಲ್ಲು. ಕಲ್ಲು ಶಬ್ದವನ್ನ ಕುಡಿಯೋದು ತೀರ ಕಡಿಮೆ, ಬಿದ್ದಿದ್ದನ್ನ ಹೆಚ್ಚುಕಡಿಮೆ ಹಾಗೇ ವಾಪಸ್ ಕಳಿಸುತ್ತೆ. ಬಯಲಲ್ಲಿ ದೂರ ಹೋದಷ್ಟೂ ತಗ್ಗೋ ಶಬ್ದ ಇಂಥ ಕೋಣೆಯಲ್ಲಿ ಅಷ್ಟು ತಗ್ಗಲ್ಲ.

ಇದಕ್ಕೆ ಮದ್ದು ಮನೆಯಲ್ಲೇ ಇತ್ತು. ಅಜ್ಜಿ ಹೊಲಿದ ಎರಡು ಕೌದಿ. ಒಂದನ್ನ ಆಂಪ್ ಎದುರಿನ ಗೋಡೆಗೆ ಕಟ್ಟಿದೆವು, ಇನ್ನೊಂದನ್ನ ಬಾಗಿಲಿಗೆ. ಕಿವಿ ಚುಚ್ಚೋ ದನಿ ಚೆನ್ನಾಗಿ ಇಳೀತು. ಬಾಸ್ ಮಾತ್ರ ಕೌದಿಗೆ ಜಗ್ಗಲ್ಲ. ಅದಕ್ಕೆ ಆಂಪನ್ನ ನೆಲದಿಂದ ಎತ್ತಿ ಕುರ್ಚಿ ಮೇಲಿಟ್ಟು, ಮೂಲೆಯಿಂದ ಈಚೆ ತಂದೆವು. ಸ್ಪೀಕರ್ ಕಿವಿಯ ಮಟ್ಟಕ್ಕೆ ಬಂದರೆ ನುಡಿಸೋನಿಗೆ ಕಡಿಮೆಯಲ್ಲೇ ಸ್ಪಷ್ಟವಾಗಿ ಕೇಳುತ್ತೆ, ಏರಿಸಬೇಕು ಅನ್ನಿಸಲ್ಲ.

ಅಂದ ಹಾಗೆ, ಹಳೇ ಮನೆಯವರು ಒಂದು ಮಾತು ಕೇಳಿ. ಮೂರು ಪಿನ್ನಿನ ಪ್ಲಗ್ಗನ್ನ ಅರ್ಥಿಂಗ್ ಇಲ್ಲದ ಸಾಕೆಟ್ಟಿಗೆ ಹೇಗೋ ತುರುಕಿ ಕೆಲಸ ನಡೆಸಬೇಡಿ. ಗಿಟಾರಿನ ತಂತಿಗಳು ಆಂಪಿನ ಅರ್ಥಿಗೆ ಸೇರಿರುತ್ತವೆ. ಒಳಗೆ ಏನಾದರೂ ಕೆಟ್ಟರೆ ಶಾಕ್ ಬರೋದು ನಿಮ್ಮ ಬೆರಳಿಗೇ. ಕರೆಂಟ್ ಹೋದಾಗ ಅಗ್ಗದ ಇನ್ವರ್ಟರ್ ಮೇಲೆ ಆಂಪ್ ಗುಂಯ್ ಅಂದರೆ ಅದು ಇನ್ವರ್ಟರಿನ ಕರೆಂಟಿನ ಗುಣ ಇರಬಹುದು, ಗಿಟಾರ್ ಬಿಚ್ಚಿ ನೋಡೋ ಮೊದಲು ಅದನ್ನ ನೋಡಿ.

ಕೊನೆಗೆ ತಮ್ಮ ಚಿತ್ತಾಪುರ, ಸೇಡಂ, ತಾಂಡೂರು ದಾಟಿಸೋ ರೈಲು ಹತ್ತಿ ಹೈದರಾಬಾದಿಗೆ ಹೋಗಿ, ಹೆಡ್‌ಫೋನ್ ಸಾಕೆಟ್ ಇರೋ 10 ವ್ಯಾಟಿನ ಟ್ರಾನ್ಸಿಸ್ಟರ್ ಆಂಪ್ ತಂದ. ಬೇಸಿಗೆಗೆ ನಾನು ಊರಿಗೆ ಹೋದಾಗ ಪರೀಕ್ಷೆ ಇಟ್ಟೆವು. ಕಾಕಾಗೆ ವಾರದ ರಜೆ. "ನಾ ಮಲ್ಕೋತೀನಿ, ನೀ ಬಾರ್ಸು" ಅಂತ ಅವರೇ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ತಮ್ಮ ನಾಬನ್ನ ಒಂದೊಂದೇ ಗೀಟು ಏರಿಸುತ್ತ ಹೋದ. ಕೂಲರ್ ಭರ್ ಅಂತ ತಿರುಗುತ್ತಿತ್ತು. ನಾಲ್ಕನೇ ಗೀಟಿಗೆ ಒಳಗಿಂದ "ಈಗ ಕೇಳ್ಸ್ಲತ್ತದ ನೋಡು" ಅಂತ ಕೂಗು ಬಂತು. ಕಾಕಿ ಹಣೆಯ ಟಿಕಳಿ ತೆಗೆದು ಮೂರರ ಮೇಲೆ ಅಂಟಿಸಿದರು. ಆಮೇಲೆ ಕೂಲರ್ ಬಂದ್ ಮಾಡಿ ನೋಡಿದೆವು. ಈ ಸಲ ಕಾಕಾನ ಕೂಗು ಎರಡಕ್ಕೇ ಬಂತು. ಅಲ್ಲಿವರೆಗೆ ಶಬ್ದವನ್ನ ಮುಚ್ಚಿದ್ದು ಕೂಲರಿನ ಗದ್ದಲ. ಚಳಿಗಾಲದಲ್ಲಿ ಅದು ಇರಲ್ಲ. ಇನ್ನೊಂದು ಟಿಕಳಿ ಬಂದು ಒಂದರ ಮೇಲೆ ಕೂತಿತು. ನೈಟ್ ಶಿಫ್ಟಿನ ಚಳಿಗಾಲದ ವಾರ ಬರೀ ಹೆಡ್‌ಫೋನ್ ಅಂತ ತಮ್ಮ ತಾನೇ ಹೇಳಿದ.

ನೀವು ಆಂಪ್ ಕೊಳ್ಳೋಕೆ ಹೊರಟಿದ್ದರೆ, ವೈಟ್‌ಫೀಲ್ಡಿನ ಅಪಾರ್ಟ್‌ಮೆಂಟಿರಲಿ, ಊರಿನ ಫರ್ಸಿ ಮನೆಯಿರಲಿ, ಅಂಗಡಿಗೆ ಹೋಗೋ ಮೊದಲು ಗೋಡೆಯ ಆಚೆ ಯಾರು, ಯಾವಾಗ ಮಲಗ್ತಾರೆ ಅಂತ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಅಂಗಡಿಯವ ವ್ಯಾಟ್ ಎಷ್ಟು ಅಂತ ಕೇಳಿದಾಗ ಆ ಚೀಟಿ ನೋಡಿ ಉತ್ತರ ಕೊಡಿ. ಹತ್ತು ದಾಟೋದು ಕಷ್ಟ.