ಇನ್ನೂ ಬಾರದ ರೈಡುಗಳು

ರಜೆಯ ದಿನ ಬೆಳಗ್ಗೆ ಹೊಸಹಳ್ಳಿ ಮೆಟ್ರೊ ನಿಲ್ದಾಣದಲ್ಲಿ ಚಲ್ಲಘಟ್ಟದ ಕಡೆಯ ರೈಲಿಗೆ ಕಾಯುವವರ ನಡುವೆ ಬಿಡದಿಯ ವಂಡರ್‌ಲಾ ಮನರಂಜನಾ ಪಾರ್ಕಿಗೆ ಹೊರಟವರನ್ನು ಗುರುತಿಸಲು ಯಾರನ್ನೂ ಕೇಳಬೇಕಿಲ್ಲ. ಬೆನ್ನಿಗೆ ಉಬ್ಬಿದ ಬ್ಯಾಗು, ಅದರಿಂದ ಇಣುಕುವ ಟವೆಲ್ಲು, ನೀರಾಟಕ್ಕೆಂದೇ ತಂದ ನೈಲಾನ್ ಬಟ್ಟೆಯ ಗಂಟು, ಮುಖದಲ್ಲಿ ಹಿಂದಿನ ರಾತ್ರಿ ಸರಿಯಾಗಿ ನಿದ್ದೆ ಮಾಡದ ಸಂತೋಷ. "ರಿಕಾಯ್ಲ್‌ಗೆ ಮೊದಲು ಓಡೋಣ ಕಣ್ರೋ, ಆಮೇಲೆ ಕ್ಯೂ ಬೆಳೆಯುತ್ತೆ" ಎನ್ನುತ್ತಾನೆ ಒಬ್ಬ. "ಹರಿಕೇನ್, ಇನ್‌ಸ್ಯಾನಿಟಿ ಎರಡೂ ಊಟಕ್ಕೆ ಮುಂಚೆ ಮುಗೀಬೇಕು" ಎಂದು ಇನ್ನೊಬ್ಬಳ ಕಟ್ಟಪ್ಪಣೆ. ಈ ಲೆಕ್ಕಾಚಾರವೆಲ್ಲ ಮುಗಿದ ಮೇಲೆ, ರೈಲು ವಿಜಯನಗರ, ಅತ್ತಿಗುಪ್ಪೆ ದಾಟುವ ಹೊತ್ತಿಗೆ, ಇನ್ನೊಂದು ಮಾತು ಶುರುವಾಗುತ್ತದೆ. ಮುಂದಿನ ವರ್ಷ ಹೊಸದೇನು ಬರಬಹುದು? ಏನು ಬಂದರೆ ಚೆನ್ನ? ಆ ಮಾತು ಕೇಳಿಸಿಕೊಳ್ಳುವುದೆಂದರೆ ನನಗೆ ಬಹಳ ಇಷ್ಟ. ಆ ಕ್ಷಣದಲ್ಲಿ ಅವರು ಬರೀ ಟಿಕೆಟ್ ಕೊಂಡ ಗಿರಾಕಿಗಳಲ್ಲ. ಇನ್ನೂ ಹುಟ್ಟದ ಒಂದು ಜಾಗವನ್ನು ಮನಸ್ಸಿನಲ್ಲೇ ಕಟ್ಟುತ್ತಿರುವವರು.

ಮೈಸೂರು ರಸ್ತೆ ನಮ್ಮ ದಿಕ್ಕಿನ ರಸ್ತೆ. ವಿಜಯನಗರ, ರಾಜಾಜಿನಗರ, ಬಸವೇಶ್ವರನಗರದ ಮಕ್ಕಳಿಗೆ ಬಿಡದಿ ಎಂದರೆ ಒಂದು ತಟ್ಟೆ ಇಡ್ಲಿ, ಇನ್ನೊಂದು ವಂಡರ್‌ಲಾ. 2005ರಲ್ಲಿ ಅದು ಬಾಗಿಲು ತೆರೆದಾಗ ನಗರದಿಂದ ಇಪ್ಪತ್ತೆಂಟು ಕಿಲೋಮೀಟರ್ ದೂರ ಎನ್ನುವುದೇ ಒಂದು ಪ್ರಯಾಣವಾಗಿತ್ತು. 2021ರ ಆಗಸ್ಟ್‌ನಲ್ಲಿ ಮೆಟ್ರೊ ಕೆಂಗೇರಿ ಮುಟ್ಟಿತು, 2023ರ ಅಕ್ಟೋಬರ್‌ನಲ್ಲಿ ಚಲ್ಲಘಟ್ಟ, ಅಲ್ಲಿಂದಾಚೆ ಬಸ್ಸು. ವಂಡರ್‌ಲಾಗೂ ಹಿಂದೆ ಬೆಂಗಳೂರಿನ ಮಕ್ಕಳ ಪಾಲಿಗೆ ಕಬ್ಬನ್ ಪಾರ್ಕಿನ ಬಾಲಭವನದ ಪುಟಾಣಿ ರೈಲಿತ್ತು, ಅರಮನೆ ಮೈದಾನದ ಹತ್ತಿರ ಫನ್ ವರ್ಲ್ಡ್ ಇತ್ತು. ಇನ್ನೂ ಹಿಂದಿನವರಿಗೆ ಜಾತ್ರೆಯ ರಂಕಲರಾಟೆ: ನಾಲ್ಕು ಮರದ ತೊಟ್ಟಿಲು, ಕೈಯಲ್ಲೇ ನೂಕಿ ತಿರುಗಿಸುವ ಇಬ್ಬರು ಗಟ್ಟಿ ಆಳುಗಳು. ದಸರೆಗೆ ಮೈಸೂರಿಗೆ ಹೋದವರಿಗೆ ವಸ್ತುಪ್ರದರ್ಶನದ ಜೈಂಟ್ ವೀಲು, ಸಾವಿನ ಬಾವಿಯ ಗೋಡೆಯ ಮೇಲೆ ಗುಡುಗುವ ಮೋಟಾರ್ ಬೈಕು, ಕೈತುಂಬ ಡೆಲ್ಲಿ ಹಪ್ಪಳ. ಆ ವಸ್ತುಪ್ರದರ್ಶನ ಶುರುವಾದದ್ದು 1880ರಲ್ಲಿ, ಹತ್ತನೆಯ ಚಾಮರಾಜೇಂದ್ರ ಒಡೆಯರ ಕಾಲದಲ್ಲಿ. ಎತ್ತರಕ್ಕೇರಿ ಕೂಗಿಕೊಳ್ಳುವ ಆಸೆ ನಮಗೆ ಹೊಸದೇನಲ್ಲ.

ವಂಡರ್‌ಲಾದ ಯಂತ್ರಗಳ ಬಗ್ಗೆ ನನಗೆ ನಿಜವಾದ ಗೌರವವಿದೆ. ರಿಕಾಯ್ಲ್ ಒಂದನ್ನೇ ನೋಡಿ. ಗಾಡಿಯನ್ನು ಮೊದಲು ಬೆನ್ನ ಹಿಂದಿನ ಏರಿಗೆ ಎಳೆದೊಯ್ಯುತ್ತದೆ. ಕಣ್ಣೆದುರು ನೆಲ ನಿಧಾನವಾಗಿ ದೂರ ಸರಿಯುತ್ತದೆ. ಆಮೇಲೆ ಬಿಟ್ಟುಬಿಡುತ್ತದೆ, ಅಷ್ಟೆ. ಅಲ್ಲಿಂದ ಕೆಳಗೆ ಓಡಿಸುವುದು ಇಳಿಜಾರು ಮತ್ತು ತೂಕ. ಸುರುಳಿ ಸುತ್ತಿ ಎದುರಿನ ಏರು ಹತ್ತಿ ನಿಂತಿತು ಎನ್ನುವಷ್ಟರಲ್ಲಿ ಬಂದ ದಾರಿಯನ್ನೇ ಹಿಮ್ಮುಖವಾಗಿ ಮತ್ತೆ ಓಡುತ್ತದೆ. ಹಿಮ್ಮುಖದ ಓಟದಲ್ಲಿ ಮುಂದೇನು ಬರುತ್ತದೆಂದು ಕಾಣದು. ದೇಹ ಮಾತ್ರ ಅದನ್ನು ಓದುತ್ತದೆ. ಸ್ಕೈ ವೀಲ್ ಇದಕ್ಕೆ ತದ್ವಿರುದ್ಧ. ಎತ್ತರದ ಗೋಪುರದ ನೆತ್ತಿಯ ಮೇಲೆ ಕೂರಿಸಿದ ಆ ಜೈಂಟ್ ವೀಲಿನಲ್ಲಿ ಅವಸರವಿಲ್ಲ. ತೆಂಗಿನ ತೋಟ, ಕಾರ್ಖಾನೆಯ ಛಾವಣಿ, ಹೆದ್ದಾರಿ, ದೂರದ ಬಂಡೆಗುಡ್ಡ ಎಲ್ಲವೂ ಸಾವಕಾಶವಾಗಿ ಬಂದು ಹೋಗುತ್ತವೆ.

ನನ್ನ ಆಸೆ ಹುಟ್ಟಿದ್ದು ಆ ಎತ್ತರದಲ್ಲೇ. ಕೆಳಗೆ ಇಷ್ಟೊಂದು ಅದ್ಭುತ ಯಂತ್ರಗಳಿವೆ, ಸುತ್ತ ಇಷ್ಟೊಂದು ಕಥೆಗಳಿರುವ ನೆಲವಿದೆ. ಎರಡೂ ಇನ್ನೂ ಸರಿಯಾಗಿ ಭೇಟಿಯಾಗಿಲ್ಲ. ರೈಡು ನಮ್ಮನ್ನು ಮೇಲಕ್ಕೆ, ಕೆಳಕ್ಕೆ, ತಲೆಕೆಳಗೆ ಒಯ್ಯುತ್ತದೆ. ಒಂದು ಊರಿಗೆ ಒಯ್ಯುವ ರೈಡು ಬೇಕು.

1955ರ ಜುಲೈ 17ರಂದು ಅಮೆರಿಕದ ಅನಾಹೈಮ್‌ನಲ್ಲಿ ವಾಲ್ಟ್ ಡಿಸ್ನಿ ಡಿಸ್ನಿಲ್ಯಾಂಡ್ ತೆರೆದಾಗ ಮಾಡಿದ ಹೊಸತು ಇದೇ. ಆಟಗಳನ್ನು ಸುಮ್ಮನೆ ಸಾಲಾಗಿ ನಿಲ್ಲಿಸದೆ ಐದು ಲೋಕಗಳಾಗಿ ಹಂಚಿದರು. ಪಾರ್ಕಿನ ಸುತ್ತ ಮಣ್ಣಿನ ದಿಬ್ಬ ಕಟ್ಟಿಸಿ ಹೊರಗಿನ ಊರು ಕಣ್ಣಿಗೆ ಬೀಳದಂತೆ ಮಾಡಿದರು. ಕ್ಯೂ ಕೂಡ ಕಥೆಯ ಮೊದಲ ಅಧ್ಯಾಯವಾಗಬಹುದು ಎನ್ನುವುದನ್ನು ಆಮೇಲೆ ಬಂದವರು ಇನ್ನೂ ಮುಂದೆ ಒಯ್ದರು. 2010ರಲ್ಲಿ ಒರ್ಲ್ಯಾಂಡೊದಲ್ಲಿ ಹ್ಯಾರಿ ಪಾಟರ್‌ನ ಊರು ತೆರೆದಾಗ ಜನ ರೈಡಿಗಿಂತ ಮುಂಚೆ ಅಲ್ಲಿಯ ಕೋಟೆಯೊಳಗಿನ ಕ್ಯೂಗೇ ಬೆರಗಾದರು. 2025ರ ಮೇ ತಿಂಗಳಲ್ಲಿ ಅದೇ ಊರಿನಲ್ಲಿ ಎಪಿಕ್ ಯೂನಿವರ್ಸ್ ಎಂಬ ಇಡೀ ಹೊಸ ಪಾರ್ಕೇ ಬಂತು. ನಮ್ಮ ಬೀದಿಯ ಹೈಸ್ಕೂಲು ಹುಡುಗರು ಇವುಗಳ ವಿಡಿಯೊಗಳನ್ನು ಮೊದಲಿಂದ ಕೊನೆಯವರೆಗೆ ನೋಡಿ, ಯಾವ ತಿರುವಿನಲ್ಲಿ ಯಾವ ಗೊಂಬೆ ಬರುತ್ತದೆಂದು ಬಾಯಿಪಾಠ ಒಪ್ಪಿಸುತ್ತಾರೆ.

ನನಗೆ ಅವೆಲ್ಲಕ್ಕಿಂತ ಹತ್ತಿರವೆನಿಸುವುದು ನೆದರ್‌ಲ್ಯಾಂಡ್ಸ್‌ನ ಎಫ್ಟಲಿಂಗ್. 1952ರಲ್ಲಿ ಅಲ್ಲೊಂದು ಕಥೆಗಳ ಕಾಡು ಬೆಳೆಯಿತು. ಅದರ ರೂಪ ಬರೆದವರು ಆಂಟನ್ ಪೀಕ್ ಎಂಬ ಚಿತ್ರಕಾರ. ಅಜ್ಜಿಕಥೆಗಳ ಪಾತ್ರಗಳನ್ನು ಮರಗಳ ನಡುವೆ ಕೂರಿಸಿದ ಆ ಸಣ್ಣ ಶುರುವಾತಿನ ಸುತ್ತ ಮುಂದೆ ದೊಡ್ಡ ದೊಡ್ಡ ರೋಲರ್ ಕೋಸ್ಟರುಗಳು ಬಂದವು. ಕಾಡು ಮಾತ್ರ ಇಂದಿಗೂ ಉಳಿದಿದೆ. ಮೊದಲು ಕಥೆ, ಆಮೇಲೆ ಯಂತ್ರ. ನಮ್ಮ ನೆರೆಯಲ್ಲೂ ಇಂಥ ಪ್ರಯತ್ನವಿದೆ. ಮಹಾರಾಷ್ಟ್ರದ ಖೋಪೋಲಿಯ ಇಮ್ಯಾಜಿಕಾ, 2013ರಲ್ಲಿ ತೆರೆದದ್ದು, ಹಿಂದಿಯ ಮಿಸ್ಟರ್ ಇಂಡಿಯಾ ಸಿನಿಮಾವನ್ನು ಒಂದು ರೈಡಾಗಿ ಮಾಡಿತು. ಹಿಂದಿಯವರಿಗೆ ಸಾಧ್ಯವಾದದ್ದು ಕನ್ನಡಕ್ಕೇಕೆ ಆಗಬಾರದು?

ನಮ್ಮಕ್ಕನ ಮೊಮ್ಮಕ್ಕಳು ಬೇಸಿಗೆ ರಜೆಗೆ ಬಂದಾಗ ಒಂದು ಡ್ರಾಯಿಂಗ್ ಪುಸ್ತಕದ ತುಂಬ ವಂಡರ್‌ಲಾದ ಹೊಸ ನಕಾಶೆ ಬರೆದರು. ದೊಡ್ಡವನು ಸಿಡುಕಿನ ಮೇಸ್ತ್ರಿ. ಚಿಕ್ಕವಳಿಗೆ ಬಣ್ಣದ ಜವಾಬ್ದಾರಿ. ಅವರ ಪಟ್ಟಿಯ ಮೊದಲನೆಯದು ಕೆಜಿಎಫ್ ಸಿನಿಮಾದ ರೈಡು. "ಅಜ್ಜಿ, ಬಾಗಿಲಲ್ಲೇ ರಾಕಿ ಭಾಯ್ ನಿಂತಿರ್ಬೇಕು, ಸುತ್ತಿಗೆ ಹಿಡ್ಕೊಂಡು" ಎಂದ. ನಾನು ಬೇಡವೆನ್ನಲಿಲ್ಲ. 2018ರ ಆ ಸಿನಿಮಾದಿಂದಲೇ ದೇಶದ ಮಕ್ಕಳ ಬಾಯಲ್ಲಿ ನಮ್ಮ ಕೋಲಾರದ ಹೆಸರು ಓಡಾಡಿತು. ಆದರೆ ಅವನನ್ನು ಕೂರಿಸಿಕೊಂಡು ಕೋಲಾರದ ನಿಜವಾದ ಚಿನ್ನದ ಗಣಿಯ ಕಥೆ ಹೇಳತೊಡಗಿದೆ. ಹೇಳುತ್ತಾ ಹೋದಂತೆ ನನಗೇ ಮೈ ಜುಮ್ಮೆಂದಿತು.

ಯೋಚಿಸಿ ನೋಡಿ. ಕ್ಯೂ ಶುರುವಾಗುವುದು ಶಿವನಸಮುದ್ರದ ಜಲಪಾತದ ಸದ್ದಿನಿಂದ. 1902ರಲ್ಲಿ ಅಲ್ಲಿಯ ವಿದ್ಯುತ್ತು 147 ಕಿಲೋಮೀಟರ್ ತಂತಿಯ ಮೇಲೆ ಸಾಗಿ ಕೋಲಾರದ ಗಣಿಗಳನ್ನು ಬೆಳಗಿತು. ಬೆಂಗಳೂರಿನ ಬೀದಿಗೆ ವಿದ್ಯುತ್ ದೀಪ ಬಂದದ್ದು ಅದಾಗಿ ಮೂರು ವರ್ಷಕ್ಕೆ. ಕಾಯುವವರ ತಲೆಯ ಮೇಲೆ ಆ ತಂತಿಯೂ ಸಾಗಬೇಕು, ಕ್ಯೂ ಮುಂದುವರಿದಂತೆ ಒಂದೊಂದೇ ಬಲ್ಬು ಹೊತ್ತಿಕೊಳ್ಳಬೇಕು. ಆಮೇಲೆ ಕಬ್ಬಿಣದ ಕೇಜು. ಕಾರ್ಮಿಕರು ಪಾಳಿಗೆ ಇಳಿಯುತ್ತಿದ್ದ ಕೇಜು ಅದು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳ ಹೋಗಿತ್ತು. ಪಾರ್ಕಿನಲ್ಲಿ ಅಷ್ಟು ಅಗೆಯಬೇಕಿಲ್ಲ. ಕೇಜು ಅಲುಗಬೇಕು, ಸುತ್ತಲಿನ ಗೋಡೆ ಮೇಲಕ್ಕೆ ಉರುಳಬೇಕು, ತಂಗಾಳಿ ನಿಂತು ಬಿಸಿಗಾಳಿ ಬೀಸಬೇಕು. ನಿಂತಲ್ಲೇ ಪಾತಾಳಕ್ಕಿಳಿದ ಅನುಭವ ದೇಹಕ್ಕಾಗುತ್ತದೆ. ಡಿಸ್ನಿಯವರ ಗಣಿ ರೈಲು, ಬಿಗ್ ಥಂಡರ್ ಮೌಂಟನ್, 1979ರಿಂದ ಜನರನ್ನು ಕೂಗಿಸುತ್ತಿದೆ. ಅದು ಕಲ್ಪನೆಯ ಗಣಿ. ನಮ್ಮದು ನೂರಿಪ್ಪತ್ತು ವರ್ಷ ನಿಜವಾಗಿ ದುಡಿದು, 2001ರ ಫೆಬ್ರವರಿ 28ರಂದು ಮುಚ್ಚಿದ ಗಣಿ.

ಕೇಜಿನಿಂದ ಇಳಿದು ಪುಟ್ಟ ರೈಲು ಹತ್ತಿದ ಮೇಲೆ ಓಟ ಎಷ್ಟು ಬೇಕಾದರೂ ಬಿರುಸಾಗಿರಲಿ. ಬಂಡೆ ಸಿಡಿಯುವ ಸದ್ದಿರಲಿ, ಕತ್ತಲ ತಿರುವುಗಳಿರಲಿ. ನಡುವೆ ಒಂದು ಕಡೆ ಮಾತ್ರ ರೈಲು ನಿಧಾನವಾಗಬೇಕು. ಅಲ್ಲಿ ತಮಿಳು, ತೆಲುಗು, ಕನ್ನಡ ಕಲೆತ ಮಾತು ಕೇಳಬೇಕು, ಪಾಳಿ ಮುಗಿಸಿದವರ ಧೂಳು ಮೆತ್ತಿದ ಮುಖಗಳು ದೀಪದ ಬೆಳಕಿನಲ್ಲಿ ಕಾಣಬೇಕು. ಚಿನ್ನ ತಂದವರು ಅವರು. ಅವರಿಲ್ಲದ ಕೆಜಿಎಫ್ ರೈಡು ನನಗೆ ಬೇಡ. ಅದಾದ ಮೇಲೆ ಒಂದು ಗವಿ. 1965ರಲ್ಲಿ ನೆಲದಡಿ ಎರಡು ಕಿಲೋಮೀಟರಿಗೂ ಆಳದ ಆ ಕತ್ತಲಲ್ಲಿ ವಿಜ್ಞಾನಿಗಳು ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೊ ಎಂಬ ಕಣಗಳ ಸುಳಿವನ್ನು ಪತ್ತೆ ಮಾಡಿದರು. ಜಗತ್ತಿನಲ್ಲೇ ಮೊದಮೊದಲಿಗೆ ಹಿಡಿದವರಲ್ಲಿ ಅವರೂ ಇದ್ದರು. ಆಕಾಶದಿಂದ ಬಂದ ಕಣಕ್ಕಾಗಿ ಪಾತಾಳದಲ್ಲಿ ಕಾದು ಕೂತವರು! ಇಂಥ ದೃಶ್ಯವನ್ನು ಯಾವ ಕಥೆಗಾರ ಬರೆದುಕೊಡಬಲ್ಲ? ಗವಿಯಲ್ಲಿ ಒಂದು ಬೆಳಕಿನ ಗೆರೆ ಮಿಂಚಲಿ, ಮರುಕ್ಷಣವೇ ರೈಲು ಬಿಸಿಲಿಗೆ ಚಿಮ್ಮಲಿ. ಹುಡುಗ ಇದನ್ನೆಲ್ಲ ಕೇಳಿ ರಾಕಿ ಭಾಯ್‌ನನ್ನು ಬಾಗಿಲಿನಿಂದ ಅಂಗಡಿಯ ಪಕ್ಕಕ್ಕೆ ಸರಿಸಿದ.

ಹಾಗೆಯೇ ಜೋಗ ಜಲಪಾತವೂ ರೈಡಾಗಬಹುದು, ಅದರ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ರಾಜ, ರಾಣಿ, ರೋರರ್, ರಾಕೆಟ್ ಎಂದು ನಾಲ್ಕು ಕವಲಿಗೆ ನಾಲ್ಕು ಸ್ವಭಾವ ಮೊದಲೇ ಇದೆ. ನಾಲ್ಕು ಜಾರುಬಂಡೆ ಕಟ್ಟಿದರೆ ಯಾವುದು ಹೇಗಿರಬೇಕೆಂದು ಹೆಸರೇ ತಿಳಿಸುತ್ತದೆ. ವಂಡರ್‌ಲಾದಲ್ಲಿ ಈಗಾಗಲೇ ಮಿಷನ್ ಇಂಟರ್‌ಸ್ಟೆಲ್ಲರ್ ಎಂಬ ಹಾರುವ ಥಿಯೇಟರಿದೆ. ಕುರ್ಚಿ ಮೇಲೆದ್ದು ಬಾಗಿದ ತೆರೆಯ ಮುಂದೆ ತೂಗುತ್ತದೆ, ಅಂತರಿಕ್ಷ ಕಣ್ಣ ತುಂಬುತ್ತದೆ. ಅದೇ ಕುರ್ಚಿಯಲ್ಲಿ ಕೂತು ಆಗುಂಬೆಯ ಮೋಡ ಸೀಳಿಕೊಂಡು ಕಡಲಿಗೆ ಇಳಿಯುವ ಒಂದು ಹೊಸ ಚಿತ್ರ ಸಾಕು, ಯಂತ್ರ ಬದಲಿಸಬೇಕಿಲ್ಲ.

ಸರಕಾರದ ಕನಸುಗಳೂ ಇವೆ. ಕನ್ನಂಬಾಡಿಯ ಬೃಂದಾವನವನ್ನು ಡಿಸ್ನಿಲ್ಯಾಂಡ್ ಮಾದರಿಯಲ್ಲಿ ಬೆಳೆಸುವ ಮಾತು 2018ರಲ್ಲಿ ಬಂತು; 2024ರಲ್ಲಿ ಎರಡೂವರೆ ಸಾವಿರ ಕೋಟಿ ರೂಪಾಯಿಗೂ ಮೀರಿದ ಯೋಜನೆಯಾಗಿ ಸಚಿವ ಸಂಪುಟದ ಮುಂದೆ ಹೋಯಿತು. ಅಣೆಕಟ್ಟೆಗೆ ಏನಾದೀತೋ ಎಂಬ ಆತಂಕದಿಂದ ಮಂಡ್ಯದ ರೈತರು ಎದ್ದು ನಿಂತರು. ನಾನು ಅವರ ಜೊತೆಗಿದ್ದೇನೆ. ಥೀಮ್ ಪಾರ್ಕನ್ನು ಪ್ರೀತಿಸುವವಳಾಗಿಯೇ ಈ ಮಾತು ಹೇಳುತ್ತೇನೆ: ಕಾವೇರಿಯ ಕಟ್ಟೆಯ ಬುಡ ಅದಕ್ಕೆ ಜಾಗವಲ್ಲ. ಮೇಲಾಗಿ ಮಿರ್ಜಾ ಇಸ್ಮಾಯಿಲ್ಲರ ಕಾಲದಲ್ಲಿ ಕಾಶ್ಮೀರದ ಶಾಲಿಮಾರ್ ತೋಟವನ್ನು ಮನಸ್ಸಿನಲ್ಲಿಟ್ಟುಕೊಂಡು ರೂಪಿಸಿದ ಬೃಂದಾವನ ತನ್ನಷ್ಟಕ್ಕೆ ಒಂದು ಪೂರ್ಣ ಲೋಕ. ಇಳಿಸಂಜೆಯಲ್ಲಿ ಕಾರಂಜಿಗೆ ದೀಪ ಬಿದ್ದಾಗ ಅಲ್ಲಿ ನಿಂತವರಿಗೆ ರೋಲರ್ ಕೋಸ್ಟರ್ ನೆನಪಾಗುವುದಿಲ್ಲ.

ಇಂಥ ಲೋಕ ಕಟ್ಟುವ ಕೈಗಳು ಕನ್ನಡನಾಡಿನಲ್ಲಿ ಇಲ್ಲ ಎನ್ನುವವರಿಗೆ ನಾನು ಮೈಸೂರು ರಸ್ತೆಯಲ್ಲೇ ಇನ್ನಷ್ಟು ಮುಂದೆ ಹೋಗಲು ಹೇಳುತ್ತೇನೆ. ರಾಮನಗರದ ಬಳಿ ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕವಿದೆ. ಒನಕೆ, ರಾಗಿಕಲ್ಲು, ಗೊಂಬೆ, ವಾದ್ಯ ಎಲ್ಲವನ್ನೂ ಊರೂರು ಅಲೆದು ತಂದು ಕೂಡಿಹಾಕಿದ ಜೀವ ಅದು. ಶಿಗ್ಗಾವಿಯ ಹತ್ತಿರ ಗೊಟಗೋಡಿಯಲ್ಲಿ ಕಲಾವಿದ ಟಿ.ಬಿ. ಸೊಲಬಕ್ಕನವರ ಉತ್ಸವ್ ರಾಕ್ ಗಾರ್ಡನ್ ಇದೆ. ಅಲ್ಲಿ ಉತ್ತರ ಕರ್ನಾಟಕದ ಹಳ್ಳಿಯೊಂದು ಆಳೆತ್ತರದ ಶಿಲ್ಪಗಳಾಗಿ ನಿಂತಿದೆ. ಶಂಕರನಾಗ್ ಅವರ ಮಾಲ್ಗುಡಿ ಡೇಸ್‌ನಲ್ಲಿ ಮಾಲ್ಗುಡಿ ನಿಲ್ದಾಣವಾಗಿ ಕಂಡ ಅರಸಾಳು ಸ್ಟೇಷನ್ನಿನ ಹಳೆಯ ಕಟ್ಟಡವನ್ನು ರೈಲ್ವೆಯವರು 2020ರಲ್ಲಿ ವಸ್ತುಸಂಗ್ರಹಾಲಯ ಮಾಡಿದರು. ಕಾಲ್ಪನಿಕ ಊರಿನ ನಿಜವಾದ ಪ್ಲಾಟ್‌ಫಾರಂ ಮೇಲೆ ಮಕ್ಕಳು ಓಡಾಡುತ್ತಾರೆ. ಇವರ ಕೈಗೆ ವಂಡರ್‌ಲಾದ ಎಂಜಿನಿಯರುಗಳ ಕೈ ಸೇರಿದರೆ ಸಾಕು. ಆ ಕಂಪನಿ ತನ್ನ ಕೆಲವು ರೈಡುಗಳನ್ನು ಕೊಚ್ಚಿಯ ಸ್ವಂತ ಕಾರ್ಖಾನೆಯಲ್ಲೇ ತಯಾರಿಸುವಂಥದ್ದು. ಎಲ್ಲವೂ ಹಡಗಿನಲ್ಲಿ ಬರಬೇಕಿಲ್ಲ.

ಮಕ್ಕಳ ಡ್ರಾಯಿಂಗ್ ಪುಸ್ತಕದ ಕೊನೆಯ ಹಾಳೆ ಚಿಕ್ಕವಳದು. ಅವಳ ಎತ್ತರ ಇನ್ನೂ ದೊಡ್ಡ ರೈಡುಗಳ ಗೆರೆ ಮುಟ್ಟಿಲ್ಲ. ಪ್ರತಿ ಸಲ ಅಳತೆಯ ಕಂಬದ ಕೆಳಗೆ ನಿಂತು ಹಿಮ್ಮಡಿ ಎತ್ತುತ್ತಾಳೆ, ಕಾಯುವ ಸಿಬ್ಬಂದಿ ನಕ್ಕು ಮೆಲ್ಲಗೆ ಭುಜ ಒತ್ತುತ್ತಾರೆ. ಹಾಗಾಗಿ ಅವಳು ಕೇಳಿದ್ದು ಎಲ್ಲರೂ ಹತ್ತಬಹುದಾದ ಒಂದು ಮೆರ್ರಿ ಗೋ ರೌಂಡು. ಅದರ ಪ್ರಾಣಿಗಳು ಚನ್ನಪಟ್ಟಣದ್ದಾಗಿರಬೇಕು ಎಂದದ್ದು ಮಾತ್ರ ನಾನು. ಬಿಡದಿಯಿಂದ ಇನ್ನೂ ಮುಂದಕ್ಕೆ ಅದೇ ರಸ್ತೆಯಲ್ಲಿ ಹಾಲೆ ಮರವನ್ನು ಲೇತಿಗೆ ಕೊಟ್ಟು, ತಿರುಗುವ ಬಿಸಿಗೇ ಅರಗಿನ ಬಣ್ಣ ಕರಗಿ ಮೆತ್ತಿಕೊಳ್ಳುವಂತೆ ಮಾಡಿ, ತಾಳೆಗರಿಯಿಂದ ಉಜ್ಜಿ ಹೊಳಪು ಕೊಡುವ ಕುಶಲಕರ್ಮಿಗಳಿದ್ದಾರೆ. ಅಂಗೈಯಗಲದ ಕುದುರೆ ಮಾಡುವವರಿಗೆ ಮಗು ಕೂರುವಷ್ಟು ದೊಡ್ಡದನ್ನು ಬಿಡಿಬಿಡಿಯಾಗಿ ಕಡೆದು ಜೋಡಿಸುವುದು ಕಷ್ಟವೇನಲ್ಲ. ಹೊರಗಿನ ಮಳೆ ಬಿಸಿಲಿಗೆ ಅರಗು ತಡೆಯದು, ಆದ್ದರಿಂದ ಮೇಲೊಂದು ಮಾಡು ಬೇಕು, ನಾಲ್ಕು ಕಡೆ ಜಗಲಿ ಬೇಕು. ಜಗಲಿಯಲ್ಲಿ ಅಜ್ಜ ಅಜ್ಜಿಯರು ಕೂರಲಿ. ಹಳದಿ, ಕೆಂಪು, ಹಸಿರು ಚನ್ನಪಟ್ಟಣದ ಹಳೆಯ ಬಣ್ಣಗಳಿರಲಿ. ಕುದುರೆಯ ಜೊತೆ ಅಂಬಾರಿಯಿಲ್ಲದ ಆನೆ, ಹಳ್ಳಿಕಾರ್ ಎತ್ತು, ನವಿಲು ಇರಲಿ ಎಂದು ನಾನು ಪಟ್ಟಿ ಮಾಡುತ್ತಿದ್ದರೆ, ಅವಳು ಪೆನ್ಸಿಲ್ ಎತ್ತಿ ಒಂದು ಬೀದಿನಾಯಿಯನ್ನೂ ಸೇರಿಸಿದಳು. "ಅದು ನಮ್ ಹೊಸಹಳ್ಳಿದು ಅಜ್ಜಿ, ಅದಕ್ಕೆ ನಾನೇ ಮೊದಲು ಕೂರೋದು" ಎಂದಳು. ಸರಿ, ಅದಕ್ಕೆ ಕಂದು ಬಣ್ಣ, ಒಂದು ಕಿವಿ ಮಡಚಿದ್ದು.