ಮುಸಾಫಿರನೂ ಅಲ್ಲ, ಊರವನೂ ಅಲ್ಲ: ಕೌನಾಸ್‌ನಲ್ಲಿ ಒಂದು ಸೆಮಿಸ್ಟರ್

ಮದ್ರಸದ ಮೇಲ್ತರಗತಿಗಳಲ್ಲಿ ಫಿಕ್‌ಹ್ ಬೋಧಿಸುವಾಗ ಜುಮಾದ ಅಧ್ಯಾಯದಲ್ಲಿ ನಾವು ಮನುಷ್ಯರನ್ನು ಮೂರು ಬಗೆಯಾಗಿ ವಿಂಗಡಿಸುತ್ತೇವೆ. ಪ್ರಯಾಣದಲ್ಲಿರುವವನು ಮುಸಾಫಿರ್. ಒಂದು ಊರಿನಲ್ಲಿ ಕೆಲಕಾಲ ತಂಗಿ, ಕೆಲಸ ಮುಗಿದೊಡನೆ ಹಿಂದಿರುಗುವವನು ಮುಖೀಮ್. ಬೇಸಿಗೆ ಮಳೆಗಾಲವೆನ್ನದೆ ಅಲ್ಲಿಯೇ ಬೇರೂರಿ ಬಾಳುವವನು ಮುಸ್ತೌತಿನ್. ಮೊದಲನೆಯವನನ್ನೂ ಕೊನೆಯವನನ್ನೂ ಮಕ್ಕಳು ಬೇಗ ಗ್ರಹಿಸುತ್ತಾರೆ. ನಡುವಿನವನ ಬಳಿ ಎಡವುತ್ತಾರೆ. ಕಳೆದೆರಡು ವರ್ಷಗಳಿಂದ ಆ ನಡುವಿನವನಿಗೆ ಉದಾಹರಣೆ ಕೊಡಲು ನಮಗೆ ನಮ್ಮ ಹಿರಿಯ ಮಗನೇ ಒದಗಿದ್ದಾನೆ. ಅವನು ಲಿಥುವೇನಿಯಾ ದೇಶದ ಕೌನಾಸ್ ನಗರದಲ್ಲಿ ಒಂದು ಸೆಮಿಸ್ಟರ್ ಓದಿ ಬಂದವನು.

ಅರ್ಥಶಾಸ್ತ್ರದ ಪದವಿ ವಿದ್ಯಾರ್ಥಿಯಾದ ಅವನಿಗೆ ಎರಾಸ್ಮಸ್ ವಿನಿಮಯ ಯೋಜನೆಯಲ್ಲಿ ಅವಕಾಶ ದೊರೆಯಿತು. ಅಲ್ಲಿಯ ಬೋಧನಾ ಶುಲ್ಕವಿಲ್ಲ, ತಿಂಗಳ ಖರ್ಚಿಗೆ ವಿದ್ಯಾರ್ಥಿವೇತನವೂ ಉಂಟು. ಆದರೂ ಬಂಧುಗಳ ಮುಖದಲ್ಲಿ ಉತ್ಸಾಹ ಕಾಣಲಿಲ್ಲ. ಯುರೋಪ್ ಎಂದರೆ ಲಂಡನ್, ಪ್ಯಾರಿಸ್, ಹೆಚ್ಚೆಂದರೆ ಬರ್ಲಿನ್. ಕೌನಾಸ್ ಎಂಬ ಹೆಸರನ್ನು ಎರಡು ಬಾರಿ ಉಚ್ಚರಿಸಿದರೂ ಯಾರಿಗೂ ಅರ್ಥವಾಗುತ್ತಿರಲಿಲ್ಲ. ನೆಮುನಾಸ್ ಮತ್ತು ನೆರಿಸ್ ಎಂಬೆರಡು ನದಿಗಳು ಕೂಡುವಲ್ಲಿ, ಸುಮಾರು ಮೂರು ಲಕ್ಷ ಜನರಿರುವ ಊರದು. ವಿಲ್ನಿಯಸ್ ಪೋಲೆಂಡಿನ ವಶದಲ್ಲಿದ್ದ ಎರಡು ಮಹಾಯುದ್ಧಗಳ ನಡುವಿನ ಕಾಲದಲ್ಲಿ ದೇಶದ ತಾತ್ಕಾಲಿಕ ರಾಜಧಾನಿಯಾಗಿತ್ತು. ನಮ್ಮ ತಾಯಿಯವರು ಕೇಳಿದ್ದು ಒಂದೇ ಪ್ರಶ್ನೆ: “ಅಲ್ಲಿ ಬಾಂಗ್ ಕೇಳುತ್ತದೆಯೇ?”

ಉತ್ತರ ಹುಡುಕಹೊರಟ ನಮಗೆ ಎದುರಾದದ್ದು ಆರುನೂರು ವರ್ಷಗಳ ಚರಿತ್ರೆ. ಹದಿನಾಲ್ಕನೆಯ ಶತಮಾನದ ಅಂತ್ಯದಲ್ಲಿ ಲಿಥುವೇನಿಯಾದ ಮಹಾರಾಜ ವಿತೌತಾಸ್ ತಾತಾರ್ ಮುಸ್ಲಿಮರನ್ನು ಕರೆತಂದು ತನ್ನ ನಾಡಿನಲ್ಲಿ ನೆಲೆಗೊಳಿಸಿದನು. 1410ರ ಗ್ರುನ್‌ವಾಲ್ಡ್ ಯುದ್ಧದಲ್ಲಿ ಅವರು ಅವನ ಪಕ್ಕದಲ್ಲಿ ನಿಂತು ಹೋರಾಡಿದರು. ಭೂಮಿ ಪಡೆದರು, ತಮ್ಮ ಧರ್ಮವನ್ನು ಉಳಿಸಿಕೊಂಡರು. ಇಂದು ಆ ದೇಶದ ಮುಸ್ಲಿಮರೆಲ್ಲರೂ ಸೇರಿ ಕೆಲವೇ ಸಾವಿರ ಮಂದಿ. ಹಳ್ಳಿಗಳಲ್ಲಿ ಮೂರು ಮರದ ಮಸೀದಿಗಳಿವೆ. ಇಟ್ಟಿಗೆಯ ಮಸೀದಿ ಕೌನಾಸ್‌ನದು. ವಿತೌತಾಸ್ ತೀರಿಕೊಂಡ ಐನೂರನೆಯ ವರ್ಷವಾದ 1930ರಲ್ಲಿ ಅದರ ಕೆಲಸ ಆರಂಭವಾಯಿತು. ಸೋವಿಯತ್ ಆಡಳಿತ ಅದನ್ನು ಮುಚ್ಚಿಸಿ ಬೇರೆ ಕೆಲಸಗಳಿಗೆ ಬಳಸಿತು. ಆ ಆಡಳಿತ ಕುಸಿದ ಕಾಲಕ್ಕೆ ಮತ್ತೆ ಜಮಾಅತಿನ ಕೈ ಸೇರಿತು. ಹಳೆಯ ಸ್ಮಶಾನಭೂಮಿಯೊಂದು ಉದ್ಯಾನವಾಗಿರುವ ಜಾಗದ ಅಂಚಿನಲ್ಲಿ, ಬಿಳಿಯ ಗೋಡೆ, ಒಂದು ಗುಂಬಜ್, ಒಂದು ಮಿನಾರ.

ನಮ್ಮನ್ನು ಹೆಚ್ಚು ತಟ್ಟಿದ್ದು ಅವರ ಕಿತಾಬುಗಳ ವಿಷಯ. ಈ ತಾತಾರರು ನೆಲೆಸಿದ ಒಂದೆರಡು ಶತಮಾನಗಳಲ್ಲೇ ತಮ್ಮ ತುರ್ಕಿ ಮೂಲದ ಭಾಷೆಯನ್ನು ಕಳೆದುಕೊಂಡರು. ಸುತ್ತಲಿನವರ ಬೆಲರೂಸಿ, ಪೋಲಿಶ್ ನುಡಿಗಳನ್ನೇ ಆಡತೊಡಗಿದರು. ಆದರೆ ಪ್ರವಾದಿಗಳ ಚರಿತ್ರೆ, ದುಆಗಳ ವಿವರಣೆ, ನಮಾಝಿನ ಕ್ರಮ ಇವನ್ನೆಲ್ಲ ಆ ನುಡಿಗಳಲ್ಲಿ ಬರೆದಾಗ ಲಿಪಿ ಮಾತ್ರ ಅರಬಿಯದು. ಕರಾವಳಿಯ ನಮ್ಮ ತಲೆಮಾರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬ್ಯಾರಿ ಮಾತಾಡುವ ನಾವು ಅರಬಿ-ಮಲಯಾಳದ ಪುಸ್ತಕಗಳಲ್ಲಿ ದೀನ್ ಕಲಿತವರು, ಇಂದು ಕನ್ನಡ ಲಿಪಿಯಲ್ಲಿ ಬ್ಯಾರಿ ಬರೆಯುವವರು. ಭಾಷೆ ಹೋದರೆ ಧರ್ಮವೂ ಹೋಗುತ್ತದೆಂದು ಅಂಜುವವರಿಗೆ ಈ ತಾತಾರರನ್ನು ತೋರಿಸಬೇಕೆನಿಸುತ್ತದೆ. ಭಾಷೆಯನ್ನು ಹೋಗಗೊಡಬಹುದೆಂದು ಇದರ ಅರ್ಥವಲ್ಲ, ಅದು ಬೇರೆ ಚರ್ಚೆ.

ಮಗ ಸೆಪ್ಟೆಂಬರ್ ಆರಂಭದಲ್ಲಿ ತಲಪಿದನು. ಮೊದಲ ವಾರವೇ ಫೋನಿನಲ್ಲಿ ಮಸ್‌ಅಲಾ ಬಂತು. ನಮಾಝನ್ನು ಖಸ್ರ್ ಮಾಡಬಹುದೇ? ಇಲ್ಲ. ಬಂದ ದಿನ, ಹೊರಡುವ ದಿನಗಳನ್ನು ಬಿಟ್ಟು ನಾಲ್ಕು ದಿನ ತಂಗುವ ನಿಯ್ಯತ್ ಇದ್ದರೆ ಶಾಫಿಈ ಮದ್‌ಹಬ್‌ನಲ್ಲಿ ಪ್ರಯಾಣ ಮುಗಿಯಿತು. ಹನಫೀಗಳಲ್ಲಿ ಹದಿನೈದು ದಿನ. ಐದು ತಿಂಗಳಿನ ವಿದ್ಯಾರ್ಥಿ ಯಾವ ಲೆಕ್ಕದಲ್ಲೂ ಮುಸಾಫಿರನಲ್ಲ. ಜುಮಾ ಅವನ ಮೇಲೆ ಕಡ್ಡಾಯ. ಆದರೆ ಶಾಫಿಈ ಮದ್‌ಹಬ್‌ನ ಪ್ರಬಲ ಅಭಿಪ್ರಾಯದಂತೆ ಜುಮಾ ಸಿಂಧುವಾಗಲು ಬೇಕಾದ ನಲವತ್ತು ಮಂದಿಯಲ್ಲಿ ಮುಖೀಮನನ್ನು ಎಣಿಸುವುದಿಲ್ಲ. ಹೊಣೆ ಪೂರ್ತಿ ಇದೆ, ಎಣಿಕೆಯಲ್ಲಿ ಹೆಸರಿಲ್ಲ. ವಿಲ್ನಿಯಸ್ ಬಳಿ ಮಸೀದಿಯಿರುವ ಒಂದು ಹಳ್ಳಿಯ ಹೆಸರೇ ‘ನಲವತ್ತು ತಾತಾರರು’ ಎಂದು ಮಗ ಹೇಳಿದಾಗ ನಾವು ನಕ್ಕೆವು. ಹೆಸರಿಗೂ ಈ ಮಸ್‌ಅಲಾಕ್ಕೂ ನಂಟು ಕಲ್ಪಿಸುವುದು ಬೇಡ. ಅವರು ಹನಫೀಗಳು, ಇಮಾಮರಲ್ಲದೆ ಮೂವರಿದ್ದರೆ ಅವರಿಗೆ ಸಾಕು.

ನಗು ಬಹುದಿನ ಉಳಿಯಲಿಲ್ಲ. ಅವನು ಯಾವ ಪಾಠಕ್ಕೆಂದೇ ಅಷ್ಟು ದೂರ ಹೋಗಿದ್ದನೋ ಆ ಅಂಕಿಅಂಶ ವಿಶ್ಲೇಷಣೆಯ ತರಗತಿ ಶುಕ್ರವಾರ ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ಇತ್ತು. ಸೆಮಿಸ್ಟರಿನ ಮೂವತ್ತು ಕ್ರೆಡಿಟ್‌ಗಳಲ್ಲಿ ಆರು ಅದರವು, ಹಾಜರಾತಿ ಕಡ್ಡಾಯ. ಅಧ್ಯಾಪಕಿ ಸೌಜನ್ಯದಿಂದ ಕೇಳಿಸಿಕೊಂಡರು. ಇಂಗ್ಲಿಷಿನಲ್ಲಿ ಬೇರೊಂದು ತಂಡವಿಲ್ಲವೆಂದರು. ಮಗ ನಮ್ಮ ಅಭಿಪ್ರಾಯ ಕೇಳಿದನು. ನಾವು ಕಿತಾಬಿನಲ್ಲಿರುವುದನ್ನು ಓದಿ ಹೇಳಿದೆವು, ಜುಮಾ ಬಿಡಲು ಅನುಮತಿಯಿರುವ ಕಾರಣಗಳನ್ನೂ ಒಂದೊಂದಾಗಿ ಹೇಳಿದೆವು. ಬಿಡು ಎಂದಾಗಲಿ ಹಿಡಿ ಎಂದಾಗಲಿ ಹೇಳಲಿಲ್ಲ. ಅವನ ತಾಯಿಗೆ ಅದು ಸರಿಯೆನಿಸಲಿಲ್ಲ. ಇಪ್ಪತ್ತರ ಹುಡುಗನ ಹೆಗಲಿಗೆ ಭಾರ ಹೊರಿಸಿದಿರಿ ಎಂದಳು. ಇಪ್ಪತ್ತು ಎಳೆಯ ವಯಸ್ಸಲ್ಲವೆಂದು ನಾವು ಇಂದಿಗೂ ಭಾವಿಸುತ್ತೇವೆ. ಮೂರು ದಿನಗಳ ಬಳಿಕ ಅವನು ಆ ಪಾಠವನ್ನು ಕೈಬಿಟ್ಟು ಬುಧವಾರದ ಮತ್ತೊಂದನ್ನು ಆಯ್ದುಕೊಂಡನು. ಬೆಲೆಯನ್ನೂ ತೆತ್ತನು. ಇಲ್ಲಿಯ ಕಾಲೇಜು ಆ ಬದಲಿ ಪಾಠಕ್ಕೆ ಸಮಾನ ವಿಷಯವಿಲ್ಲವೆಂದು ಆರು ಕ್ರೆಡಿಟ್‌ಗಳನ್ನು ಒಪ್ಪಲಿಲ್ಲ. ಹಿಂದಿರುಗಿದ ಮೇಲೆ ಕಿರಿಯರೊಡನೆ ಕುಳಿತು ಒಂದು ಪತ್ರಿಕೆಯನ್ನು ಹೊಸದಾಗಿ ಬರೆಯಬೇಕಾಯಿತು.

ಚಳಿಗಾಲ ಬಂದಂತೆ ಹೊತ್ತು ಕುಗ್ಗಿತು. ಡಿಸೆಂಬರಿನಲ್ಲಿ ಅಲ್ಲಿ ಸೂರ್ಯ ಹುಟ್ಟುವುದು ಎಂಟೂವರೆಯ ಬಳಿಕ, ಮುಳುಗುವುದು ನಾಲ್ಕಕ್ಕೆ ಮೊದಲು. ನಮ್ಮ ಊರಿನಲ್ಲಿ ಮೂರು ಗಂಟೆಗೂ ಮಿಗಿಲಾಗಿ ಉಳಿಯುವ ಝುಹರ್ ಅಲ್ಲಿ ಒಂದೂವರೆ ಗಂಟೆಯೂ ಇರುವುದಿಲ್ಲ. ಊಟ ಮುಗಿಸುವಷ್ಟರಲ್ಲಿ ಅಸರ್, ಗ್ರಂಥಾಲಯದಲ್ಲಿ ಎರಡು ಪುಟ ಓದುವಷ್ಟರಲ್ಲಿ ಮಗ್ರಿಬ್. ಜೂನ್ ತಿಂಗಳಿನಲ್ಲಿ ಇದಕ್ಕೆ ತದ್ವಿರುದ್ಧ: ರಾತ್ರಿಯಿಡೀ ಬಾನಂಚಿನ ಬೆಳಕು ಪೂರ್ತಿ ಆರದ ಕಾರಣ ಇಶಾದ ಸಮಯವನ್ನು ಹತ್ತಿರದ ನಾಡಿನ ಲೆಕ್ಕದಿಂದ ಅಂದಾಜಿಸಬೇಕು. ಇದೇನೂ ಹೊಸ ತೊಡಕಲ್ಲ. 922ರಲ್ಲಿ ಬಗ್ದಾದಿನ ಖಲೀಫರ ದೂತರೊಡನೆ ವೋಲ್ಗಾ ತೀರದ ಬಲ್ಗಾರರ ನಾಡಿಗೆ ಹೋದ ಇಬ್ನ್ ಫದ್ಲಾನ್, ಇಶಾದ ಬಾಂಗಿಗೆ ಕಾಯುತ್ತ ಡೇರೆಯಲ್ಲಿ ಮಾತಾಡುತ್ತಿದ್ದಾಗ ಫಜ್ರ್‌ನ ಬಾಂಗ್ ಕೇಳಿ ಬೆರಗಾದುದನ್ನು ಬರೆದಿಟ್ಟಿದ್ದಾರೆ. ಕಿಬ್ಲಾ ಕೂಡ ಮಗನನ್ನು ಕೆಲದಿನ ಕಾಡಿತು. ಪಶ್ಚಿಮವೆಂದರೆ ಕಿಬ್ಲಾ ಎಂದೇ ಬೆಳೆದವನು ಅಲ್ಲಿ ಆಗ್ನೇಯದತ್ತ ವಾಲಿದ ದಕ್ಷಿಣಕ್ಕೆ ತಿರುಗಬೇಕಿತ್ತು.

ಕನ್ನಡದ ವಿದ್ಯಾರ್ಥಿಗಳಾಗಿದ್ದ ನಮಗೆ ಅವನು ತಂದ ಸಿಹಿ ಬೇರೆಯೇ. ಲಿಥುವೇನಿಯನ್ನರು ಮಗನಿಗೆ ‘ಸೂನುಸ್’, ಹೊಗೆಗೆ ‘ದೂಮಾಸ್’, ಬೆಂಕಿಗೆ ‘ಉಗ್ನಿಸ್’ ಅನ್ನುತ್ತಾರಂತೆ. ನಮ್ಮ ಸೂನು, ಧೂಮ, ಅಗ್ನಿಗಳ ದೂರದ ನೆಂಟರು.

ಈಗ ಹೆತ್ತವರು ನಮ್ಮಲ್ಲಿ ವಿಚಾರಿಸಲು ಬರುತ್ತಾರೆ. ಊಟದ ಚಿಂತೆ ಅವರ ಮೊದಲ ಪ್ರಶ್ನೆ. ಮೀನು, ಮೊಟ್ಟೆ, ಆಲೂಗಡ್ಡೆ, ಹಾಲು ಧಾರಾಳ. ಹುಡುಗರು ಹಾಸ್ಟೆಲಿನಲ್ಲಿ ತಾವೇ ಬೇಯಿಸಿಕೊಂಡರು. ಈದ್ ಹಬ್ಬವಲ್ಲದಿದ್ದರೂ ಒಂದು ಶುಕ್ರವಾರ ತಾತಾರ್ ಅಜ್ಜಿಯೊಬ್ಬರು ‘ಶಿಮ್ತಾಲಾಪಿಸ್’ ಎಂಬ ನೂರು ಪದರದ ಗಸಗಸೆಯ ಸಿಹಿ ಕೊಟ್ಟರಂತೆ. ನಾವು ಮಾತ್ರ ಅವರಿಗೆ ಬೇರೆ ಎರಡನ್ನು ಹೇಳುತ್ತೇವೆ: ಕಲಿಕಾ ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ಶುಕ್ರವಾರದ ವೇಳಾಪಟ್ಟಿಯನ್ನು ತರಿಸಿ ನೋಡಿ, ಬದಲಿಗೆಂದು ಒಂದೆರಡು ಪಾಠಗಳಿಗೂ ಇಲ್ಲಿಯ ಕಾಲೇಜಿನಿಂದ ಲಿಖಿತ ಒಪ್ಪಿಗೆ ಪಡೆದಿಟ್ಟುಕೊಳ್ಳಿ. ಹಲವರು ಇದನ್ನು ಬರೆದುಕೊಳ್ಳುತ್ತಾರೆ, ಬಳಿಕ ಲಂಡನ್ ಸಿಗುವುದಿಲ್ಲವೇ ಎಂದು ಕೇಳುತ್ತಾರೆ.